ಬ್ಯಾಕ್ಟೀರಿಯವನ್ನು ಚಿತ್ರದಲ್ಲಿ ಕಲಿಯಬಹುದೇ?

ಬ್ಯಾಕ್ಟೀರಿಯಗಳ ಮೂರು ಆಕಾರಗಳನ್ನು ಬರೆದು ಹೆಸರಿಸಿರಿ ಎಂಬ ಪ್ರಶ್ನೆಗೆ ಉತ್ತರ ಬರೆಯಲಾರದ ವಿದ್ಯಾರ್ಥಿ ನಮ್ಮ ನಾಡಿನಲ್ಲಿ ವಿರಳ. ದುಂಡಾಣು, ದಂಡಾಣು, ಸುರುಳಿಯಾಕಾರದ್ದು ಎಂದು ಮೂರು ಚಿತ್ರಗಳನ್ನು ಬರೆದು, ಬಾಣದ ಗುರುತು ಹಾಕಿ, ಅಂಕಗಳನ್ನು ಪಡೆದು ಅವನು ಮುಂದಕ್ಕೆ ಹೋಗುತ್ತಾನೆ. ಆದರೆ ಅವುಗಳಲ್ಲಿ ಒಂದನ್ನಾದರೂ ಕೈಯಾರ ಬೆಳೆಸಿ, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದ ಕೆಳಗೆ ಕಂಡವರೆಷ್ಟು ಮಂದಿ? ಪ್ರಯೋಗವನ್ನು ಪರದೆಯ ಮೇಲೆ ತೋರಿಸಿ ಮುಗಿಸುವ ಪದ್ಧತಿ ಈಚೆಗೆ ಬೆಳೆಯುತ್ತಿದೆ. ಇದು ಕಾಲಕ್ಕೆ ತಕ್ಕ ಸುಧಾರಣೆಯೆಂದು ಹೇಳುವವರೂ ಉಂಟು. ಅವರ ಮಾತನ್ನು ನಾನು ಒಪ್ಪಲಾರೆ. ಬ್ಯಾಕ್ಟೀರಿಯವನ್ನು ಬೆಳೆಸುವ, ಬಣ್ಣಗೊಳಿಸುವ, ಗುರುತಿಸುವ ಹಳೆಯ ವಿಧಾನಗಳನ್ನು ಪ್ರತಿಯೊಬ್ಬ ವಿಜ್ಞಾನ ವಿದ್ಯಾರ್ಥಿಯೂ ತನ್ನ ಕೈಯಿಂದಲೇ ಕಲಿಯಬೇಕು. ಅದಕ್ಕೆ ಬೇಕಾದ ಸಾಮಗ್ರಿ ಬಹುಮಟ್ಟಿಗೆ ಅವನ ಮನೆಯ ಸುತ್ತಲೇ ಇದೆ ಎಂಬುದು ನನ್ನ ವಾದ.

ಬೆಂಗಳೂರಿನ ಪಶ್ಚಿಮಕ್ಕೆ, ಕೆಂಗೇರಿಯ ಕಡೆಗೆ, ಉಲ್ಲಾಳವೆಂಬ ಊರಿದೆ. (ರಾಣಿ ಅಬ್ಬಕ್ಕನ ಉಳ್ಳಾಲ ಕಡಲ ತೀರದ್ದು, ಎರಡನ್ನೂ ಬೆರೆಸಬಾರದು.) ಹಿಂದೆ ಹಳ್ಳಿಯಾಗಿದ್ದ ಇದು ಈಗ ನಗರದ ಒಂದು ಭಾಗ, ಮನೆಗಳ ಸಾಲುಗಳ ನಡುವೆ ಕೆರೆಯೊಂದು ಉಳಿದುಕೊಂಡಿದೆ. ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣ ಇಲ್ಲಿಗೆ ದೂರವಲ್ಲ; ಅಲ್ಲಿ ಸೂಕ್ಷ್ಮಜೀವಿಶಾಸ್ತ್ರದ ವಿಭಾಗವೂ ಇದೆ. ಆದರೆ ಉಲ್ಲಾಳದ ವಿದ್ಯಾರ್ಥಿ ವಿಶ್ವವಿದ್ಯಾನಿಲಯದ ಮೆಟ್ಟಿಲೇರುವವರೆಗೆ ಕಾಯಬೇಕಾಗಿಲ್ಲ. ಅವನ ಅಡುಗೆಮನೆಯಲ್ಲಿ ಮೊಸರಿದೆ, ಖಾಲಿ ನಿವೇಶನದಲ್ಲಿ ಯಾರೋ ಬಿತ್ತಿದ ಅವರೆ ಬಳ್ಳಿಯಿದೆ, ಊರಿನ ನಡುವೆ ಕೆರೆಯಿದೆ. ಈ ಮೂರರಲ್ಲಿ ಮೂರು ಪಾಠಗಳು ಅಡಗಿವೆ.

ಮೊದಲು ಮೊಸರು. ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿ, ಅಲುಗಾಡಿಸದೆ, ಬೆಚ್ಚಗಿನ ಮೂಲೆಯಲ್ಲಿ ರಾತ್ರಿಯಿಡೀ ಇಡುವ ಗೃಹಿಣಿ ಪ್ರಯೋಗಶಾಲೆಯ ನಾಲ್ಕು ನಿಯಮಗಳನ್ನು ಅರಿಯದೆಯೇ ಪಾಲಿಸುತ್ತಾಳೆ: ಹಾಲನ್ನು ಮೊದಲು ಕಾಯಿಸಿ ಬೇಡದ ಜೀವಿಗಳನ್ನು ತಗ್ಗಿಸುತ್ತಾಳೆ, ಆರಿಸುತ್ತಾಳೆ, ಬೇಕಾದ ಜೀವಿಯನ್ನು ಬಿತ್ತುತ್ತಾಳೆ, ಅದಕ್ಕೆ ಒಪ್ಪುವ ಉಷ್ಣತೆಯಲ್ಲಿ ಕಾಯುತ್ತಾಳೆ. ಅಲ್ಲಿಗೂ ಪ್ರಯೋಗಶಾಲೆಗೂ ಇರುವ ಮುಖ್ಯ ಅಂತರ ಒಂದೇ. ಹೆಪ್ಪಿನಲ್ಲಿ ಹಲವು ಜಾತಿಯ ಜೀವಿಗಳು ಒಟ್ಟಿಗೆ ಇವೆ. ಅವುಗಳಲ್ಲಿ ಒಂದನ್ನು ಮಾತ್ರ ಬೇರ್ಪಡಿಸುವುದು ಹೇಗೆ?

ಈ ಪ್ರಶ್ನೆಗೆ ಸಮರ್ಪಕವಾದ ಉತ್ತರ ಕೊಟ್ಟವನು ಜರ್ಮನಿಯ ರಾಬರ್ಟ್ ಕಾಖ್. ದ್ರವದಲ್ಲಿ ಬಿತ್ತಿದರೆ ಜೀವಿಗಳು ಕಲೆತುಹೋಗುತ್ತವೆ; ಗಟ್ಟಿಯಾದ ಮೇಲ್ಮೈಯಲ್ಲಿ ಬಿತ್ತಿದರೆ ಬಿದ್ದಲ್ಲಿಯೇ ಬೆಳೆಯುತ್ತವೆ. ಅವನು ಮೊದಲು ಬೇಯಿಸಿದ ಆಲೂಗಡ್ಡೆಯ ಹೋಳುಗಳನ್ನೂ ಅನಂತರ ಜೆಲಟಿನ್ನನ್ನೂ ಬಳಸಿ, 1881ರಲ್ಲಿ ಶುದ್ಧ ಕೃಷಿಯ ವಿಧಾನವನ್ನು ಪ್ರಕಟಿಸಿದ. ಆದರೆ ಜೆಲಟಿನ್ ಬೇಸಗೆಯ ಬಿಸಿಗೆ ಕರಗಿಬಿಡುವ ವಸ್ತು. ನಮ್ಮ ಏಪ್ರಿಲ್ ತಿಂಗಳಲ್ಲಿ ಅದರಿಂದ ಏನೂ ಸಾಗದು. ಕಾಖ್‌ನ ಸಹೋದ್ಯೋಗಿ ವಾಲ್ಟರ್ ಹೆಸ್ಸೆಯ ಪತ್ನಿ ಫ್ಯಾನಿ ಹೆಸ್ಸೆ, ತಾನು ಅಡುಗೆಯಲ್ಲಿ ಬಳಸುತ್ತಿದ್ದ ಅಗಾರನ್ನು ಸೂಚಿಸಿದಳು. ಕಡಲ ಪಾಚಿಯಿಂದ ತೆಗೆದ ಈ ವಸ್ತುವನ್ನು ನಮ್ಮ ದಿನಸಿ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂಬ ಹೆಸರಿನಿಂದ ಮಾರುತ್ತಾರೆ. ಕುದಿಯುವ ನೀರಿನ ಹತ್ತಿರದ ಉಷ್ಣತೆಯಲ್ಲಿ ಕರಗಿ, ಸುಮಾರು 40 ಡಿಗ್ರಿಗೆ ಇಳಿದಾಗ ಹೆಪ್ಪುಗಟ್ಟುವ ಇದು, ಒಮ್ಮೆ ಗಟ್ಟಿಯಾದರೆ ದೇಹದ ಉಷ್ಣತೆಯಲ್ಲಿಯೂ ಕರಗದು. ಬಹುಪಾಲು ಬ್ಯಾಕ್ಟೀರಿಯಗಳು ಇದನ್ನು ತಿಂದು ಜೀರ್ಣಿಸಲಾರವು. ಅಡುಗೆಮನೆಯಿಂದ ಪ್ರಯೋಗಶಾಲೆಗೆ ಬಂದ ಈ ಉಪಾಯಕ್ಕೆ ಇಂದಿಗೂ ಪೂರ್ಣವಾದ ಬದಲಿ ಸಿಕ್ಕಿಲ್ಲ. ಮುಚ್ಚಳವುಳ್ಳ ಗಾಜಿನ ತಟ್ಟೆಯನ್ನು 1887ರಲ್ಲಿ ವರ್ಣಿಸಿದ ಪೆಟ್ರಿಯ ಹೆಸರು ಮನೆಮಾತಾಗಿದೆ. ಫ್ಯಾನಿಯ ಹೆಸರನ್ನು ಬಲ್ಲವರು ಕಡಿಮೆ.

ಕ್ರಿಮಿಶುದ್ಧಿಯ ವಿಷಯದಲ್ಲಿ ಬೆಂಗಳೂರಿನವರು ಒಂದು ಸಂಗತಿಯನ್ನು ನೆನಪಿಡಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ನೀರು 100 ಡಿಗ್ರಿಯಲ್ಲಲ್ಲ, ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಕೆಲವು ದಂಡಾಣುಗಳ ಬೀಜಕಗಳು ಈ ಕುದಿತವನ್ನು ಸಹಿಸಿಕೊಂಡು ಬದುಕಬಲ್ಲವು. ಆದ್ದರಿಂದಲೇ ಮಾಧ್ಯಮವನ್ನು ಒತ್ತಡದ ಹಬೆಯಲ್ಲಿ, 121 ಡಿಗ್ರಿಯಲ್ಲಿ, 15 ನಿಮಿಷ ಇಡಬೇಕೆಂಬ ನಿಯಮ. ಚೆನ್ನಾಗಿ ಕೆಲಸಮಾಡುವ ಪ್ರೆಷರ್ ಕುಕ್ಕರ್ ಈ ಉಷ್ಣತೆಯ ಬಳಿಗೆ ತಲುಪುವುದರಿಂದ, ಸ್ವಲ್ಪ ಹೆಚ್ಚು ಹೊತ್ತು ಇಟ್ಟರೆ ಶಾಲೆಯ ಕೆಲಸಕ್ಕೆ ಸಾಕು.

ತಟ್ಟೆಯ ಮೇಲೆ ಗೆರೆ ಎಳೆಯುವುದು ನೋಡಲು ಸುಲಭ, ಮಾಡಲು ಕಷ್ಟ. ಲೋಹದ ಕುಣಿಕೆಯನ್ನು ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಮೊಸರಿನ ತಿಳಿಯನ್ನು ಮುಟ್ಟಿಸಿ ತಟ್ಟೆಯ ಒಂದು ಅಂಚಿನಲ್ಲಿ ಎಳೆಯಬೇಕು, ಮತ್ತೆ ಕಾಯಿಸಿ, ಮೊದಲಿನ ಗೆರೆಗಳ ತುದಿಯಿಂದ ಎರಡನೆಯ ಸಾಲು, ಹೀಗೆಯೇ ಮೂರನೆಯದು. ಪ್ರತಿ ಸಲವೂ ಜೀವಿಗಳು ತೆಳುವಾಗುತ್ತಾ ಹೋಗಿ, ಕೊನೆಯ ಗೆರೆಗಳಲ್ಲಿ ಒಂಟೊಂಟಿಯಾಗಿ ಬೀಳುತ್ತವೆ. ಆ ಒಂದೊಂದು ಜೀವಿಯೂ ಒಡೆದು ಎರಡಾಗಿ, ಎರಡು ನಾಲ್ಕಾಗಿ, ಕಣ್ಣಿಗೆ ಕಾಣುವ ಚುಕ್ಕೆಯಾಗುವಷ್ಟರಲ್ಲಿ ಲಕ್ಷಾಂತರ ಸಂತಾನವಿರುತ್ತದೆ. ಮೊಸರಿನ ಜೀವಿಗಳು ಆಹಾರದ ವಿಷಯದಲ್ಲಿ ನಾಜೂಕಿನವು. ಹಾಲು, ಗ್ಲೂಕೋಸು, ಯೀಸ್ಟಿನ ಸಾರ ಬೆರೆಸಿದ ಅಗಾರ್ ಅವಕ್ಕೆ ಒಪ್ಪುತ್ತದೆ. ಎರಡು ದಿನ ಕಾಯಬೇಕು. ಪರದೆಯ ಚಿತ್ರ ಈ ಎರಡು ದಿನಗಳನ್ನು ಎರಡು ಕ್ಷಣಗಳಿಗೆ ಇಳಿಸಿಬಿಡುತ್ತದೆ. ನನ್ನ ಆಕ್ಷೇಪಣೆ ಇರುವುದು ಇಲ್ಲಿಯೇ. ತಟ್ಟೆ ಬೆಳೆಯಲು ಎಷ್ಟು ಹೊತ್ತು ಬೇಕೆಂಬುದನ್ನು ತಾನೇ ಕಾದು ಅರಿತವನು, ಮುಂದೊಂದು ದಿನ ವೈದ್ಯರು “ಮೂತ್ರವನ್ನು ಕೃಷಿ ಪರೀಕ್ಷೆಗೆ ಕಳುಹಿಸಿದ್ದೇವೆ, ಎರಡು ದಿನ ಬೇಕು” ಎಂದಾಗ ಸಿಡಿಮಿಡಿಗೊಳ್ಳುವುದಿಲ್ಲ. ಅಂಗಡಿಗೆ ಹೋಗಿ ಯಾವುದೋ ಪ್ರತಿಜೀವಕ ಮಾತ್ರೆಯನ್ನು ಕೇಳಿ ನುಂಗುವುದೂ ಇಲ್ಲ.

ಇನ್ನು ಬಣ್ಣದ ಮಾತು. ಬ್ಯಾಕ್ಟೀರಿಯದ ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು; ಮೇಲಾಗಿ ಅದು ನೀರಿನಂತೆಯೇ ಪಾರದರ್ಶಕ. ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ, ಬರ್ಲಿನ್ನಿನಲ್ಲಿ, ಶ್ವಾಸಕೋಶದ ಅಂಗಾಂಶದೊಳಗಿನ ರೋಗಾಣುಗಳನ್ನು ಎತ್ತಿ ತೋರಿಸುವ ಬಣ್ಣವೊಂದನ್ನು ಹುಡುಕುತ್ತಿದ್ದ. ಕೆಲವು ಜಾತಿಗಳು ಬಣ್ಣವನ್ನು ಹಿಡಿದಿಟ್ಟುಕೊಂಡವು, ಕೆಲವು ಬಿಟ್ಟುಕೊಟ್ಟವು. ಬ್ಯಾಕ್ಟೀರಿಯ ಪ್ರಪಂಚವನ್ನೇ ಎರಡಾಗಿ ವಿಂಗಡಿಸುವ ಗೆರೆ ಅದೆಂಬುದು ಮುಂದೆ ತಿಳಿದುಬಂತು. ಇಂದು ಮಾಡುವ ಕ್ರಮ ಹೀಗೆ: ಗಾಜುಪಟ್ಟಿಯ ಮೇಲೆ ತೆಳುವಾಗಿ ಲೇಪಿಸಿ, ಗಾಳಿಯಲ್ಲಿ ಒಣಗಿಸಿ, ಜ್ವಾಲೆಯ ಮೇಲೆ ಎರಡು ಮೂರು ಸಲ ಹಾಯಿಸಬೇಕು. ಕ್ರಿಸ್ಟಲ್ ವಯೊಲೆಟ್ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ. ಅನಂತರ ಆಲ್ಕೊಹಾಲಿನಿಂದ ಕೆಲವೇ ಸೆಕೆಂಡುಗಳ ತೊಳೆತ. ಕೊನೆಗೆ ಕೆಂಪು ಸ್ಯಾಫ್ರನಿನ್. ಗೋಡೆ ದಪ್ಪವಾಗಿರುವ ಜೀವಿಗಳು ನೇರಿಳೆಯಾಗಿಯೇ ಉಳಿಯುತ್ತವೆ. ಗೋಡೆ ತೆಳುವಾಗಿರುವವು ನೇರಿಳೆಯನ್ನು ಕಳೆದುಕೊಂಡು ನಸುಗೆಂಪಾಗುತ್ತವೆ. ಇಡೀ ವಿದ್ಯೆಯ ಗುಟ್ಟು ಆಲ್ಕೊಹಾಲಿನ ಆ ಕೆಲವು ಸೆಕೆಂಡುಗಳಲ್ಲಿದೆ. ಹೆಚ್ಚಾದರೆ ಎಲ್ಲವೂ ಕೆಂಪು, ಕಡಿಮೆಯಾದರೆ ಎಲ್ಲವೂ ನೇರಿಳೆ. ಇದನ್ನು ಯಾವ ಪುಸ್ತಕವೂ ಕಲಿಸಲಾರದು.

ಹೊಸದಾಗಿ ಹೆಪ್ಪುಗಟ್ಟಿದ ಮೊಸರನ್ನು ಹೀಗೆ ಬಣ್ಣಗೊಳಿಸಿದರೆ ನೇರಿಳೆ ದಂಡಾಣುಗಳೂ ಸರಪಳಿಯಂತೆ ಪೋಣಿಸಿಕೊಂಡ ದುಂಡಾಣುಗಳೂ ಕಾಣುತ್ತವೆ. ಹಳೆಯ ಮೊಸರು ಬೇಡ. ಸಾಯುತ್ತಿರುವ ಜೀವಿಗಳು ನೇರಿಳೆಯನ್ನು ಹಿಡಿದಿಡಲಾರದೆ ನೋಡುವವನನ್ನು ದಾರಿತಪ್ಪಿಸುತ್ತವೆ. ಎದುರುಬಣ್ಣಕ್ಕೆ ಅವರೆಯ ಬೇರು ಸಾಕು. ಬೇರಿನ ಮೇಲಿನ ಸಣ್ಣ ಗಂಟನ್ನು ಚೆನ್ನಾಗಿ ತೊಳೆದು, ಸೀಳಿ, ರಸವನ್ನು ಲೇಪಿಸಿ ನೋಡಿದರೆ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸಿಕೊಡುವ ರೈಜೋಬಿಯಂ ಗುಂಪಿನ ದಂಡಾಣುಗಳು ನಸುಗೆಂಪಾಗಿ ಕಾಣುತ್ತವೆ. ಎರಡೂ ನಿರಪಾಯವಾದ ಜೀವಿಗಳು. ಎರಡೂ ಬಿಡಿಗಾಸಿಗೆ ಸಿಗುವಂಥವು.

ಬಣ್ಣ ಬಂತು, ಆಕಾರ ಕಂಡಿತು, ಹೆಸರು ಹೇಳಿಬಿಡೋಣವೇ? ಇಲ್ಲಿ ಕೆರೆಯ ಪಾಠ ಬರುತ್ತದೆ. ಮನುಷ್ಯನ ಕರುಳಿನಲ್ಲಿ ಸಹಜವಾಗಿ ವಾಸಿಸುವ ಎಸ್ಚೆರಿಷಿಯ ಕೋಲಿಯೂ ವಿಷಮಶೀತ ಜ್ವರದ ಸಾಲ್ಮೊನೆಲ್ಲವೂ ಗ್ರಾಂ ವಿಧಾನದಲ್ಲಿ ಒಂದೇ ಬಗೆಯ ನಸುಗೆಂಪು ದಂಡಾಣುಗಳು. ಅತ್ಯುತ್ತಮ ಮಸೂರವಿದ್ದರೂ ಕಣ್ಣು ಅವನ್ನು ಬೇರ್ಪಡಿಸಲಾರದು. ಆದರೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನೂ ಬಣ್ಣ ಬದಲಿಸುವ ಸೂಚಕವನ್ನೂ ಬೆರೆಸಿದ ಮ್ಯಾಕಾಂಕಿ ಅಗಾರಿನ ಮೇಲೆ ಬೆಳೆಸಿದರೆ, ಮೊದಲನೆಯದು ಸಕ್ಕರೆಯನ್ನು ಹುಳಿಯಾಗಿಸಿ ಕೆಂಬಣ್ಣದ ಸಮೂಹಗಳನ್ನು ಕೊಡುತ್ತದೆ. ಎರಡನೆಯದು ಬಣ್ಣವಿಲ್ಲದೆ ಉಳಿಯುತ್ತದೆ. ಕಾಣುವ ರೂಪಕ್ಕಿಂತ ಮಾಡುವ ಕೆಲಸ ಹೆಚ್ಚು ಸತ್ಯವನ್ನು ಹೇಳಿತಷ್ಟೆ. ಕೆರೆಗೆ ಕೊಳಚೆ ಸೇರಿದೆಯೇ ಎಂಬ ಪರೀಕ್ಷೆಯೂ ಇದೇ ತತ್ತ್ವದ ಮೇಲೆ ನಿಂತಿದೆ: ಲ್ಯಾಕ್ಟೋಸಿನ ದ್ರವದಲ್ಲಿ ಕೆರೆಯ ನೀರನ್ನು ಬೆರೆಸಿ, 37 ಡಿಗ್ರಿಯಲ್ಲಿ ಒಂದೆರಡು ದಿನ ಇಟ್ಟು, ಹುಳಿಯೂ ಬೋರಲಿಟ್ಟ ಪುಟ್ಟ ನಳಿಗೆಯಲ್ಲಿ ಅನಿಲವೂ ಉಂಟಾದವೇ ಎಂದು ನೋಡುವುದು. ಅಷ್ಟರಿಂದಲೇ ತೀರ್ಪು ಕೊಡಬಾರದು; 44 ಡಿಗ್ರಿಯಲ್ಲಿ ಮತ್ತೆ ಬೆಳೆಸಿ ದೃಢಪಡಿಸಿಕೊಳ್ಳಬೇಕು. ಕೆಂಗೇರಿಯ ಕಡೆಯಿಂದ ಹರಿದುಹೋಗುವ ವೃಷಭಾವತಿ ಬೆಂಗಳೂರಿನ ಕೊಳಚೆಯನ್ನು ಹೊತ್ತು ಸಾಗುತ್ತಿರುವಾಗ, ಸುತ್ತಲಿನ ಕೆರೆಗಳ ವಿಷಯದಲ್ಲಿ ಗೊಣಗುವವರಿಗಿಂತ ಪರೀಕ್ಷಿಸಬಲ್ಲವರು ನಮಗೆ ಹೆಚ್ಚು ಬೇಕಾಗಿದ್ದಾರೆ.

ಬಣ್ಣ ಹಚ್ಚಿದ ಒಂದು ಗಾಜುಪಟ್ಟಿಯ ಬೆಲೆ ಏನೆಂಬುದಕ್ಕೆ ನಮ್ಮ ನಾಡಿನದೇ ನಿದರ್ಶನವಿದೆ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಅಲ್ಲಿಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ವಿಚಾರಿಸಿ 1963ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಹಳ್ಳಿಗರು ರೋಗದ ಲಕ್ಷಣಗಳನ್ನು ಅರಿಯರು, ಆಸ್ಪತ್ರೆಗೆ ಬರಲೊಲ್ಲರು ಎಂಬ ಪಟ್ಟಣದ ನಂಬಿಕೆ ಅದರಿಂದ ಸುಳ್ಳಾಯಿತು. ಬಹುಪಾಲು ರೋಗಿಗಳಿಗೆ ತಮ್ಮ ಕಾಯಿಲೆಯ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಚಿಕಿತ್ಸೆಯನ್ನು ಅರಸಿ ಸರ್ಕಾರದ ಆರೋಗ್ಯ ಕೇಂದ್ರಗಳಿಗೆ ಹೋಗಿಯೂ ಇದ್ದರು. ಅವರಿಗೆ ಸಾಮಾನ್ಯವಾಗಿ ದೊರೆತದ್ದು ಕೆಮ್ಮಿನ ಔಷಧದ ಸೀಸೆ. ಕಫದ ಒಂದು ತೊಟ್ಟನ್ನು ಗಾಜಿನ ಮೇಲೆ ಹರಡಿ, ಕಾರ್ಬಾಲ್ ಫ್ಯುಕ್ಸಿನ್ ಹಾಕಿ ಹಬೆಯಾಡುವಂತೆ ಕಾಯಿಸಿ, ಆಮ್ಲದಿಂದ ತೊಳೆದು, ನೀಲಿ ಹಚ್ಚಿ ನೋಡಿದ್ದರೆ, ಆಮ್ಲಕ್ಕೂ ಬಣ್ಣ ಬಿಡದ ಕೆಂಪು ಸರಳುಗಳು ನೀಲಿ ಹಿನ್ನೆಲೆಯಲ್ಲಿ ಎದ್ದುಕಾಣುತ್ತಿದ್ದವು. 1880ರ ದಶಕದಲ್ಲಿಯೇ ಜೀಲ್ ಮತ್ತು ನೀಲ್ಸನ್ ರೂಪಿಸಿದ ವಿಧಾನವಿದು. ಸಂಸ್ಥೆಯ ಕೆಲಸದ ಆಧಾರದ ಮೇಲೆ 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ, ಕಫದ ಈ ಪರೀಕ್ಷೆಯನ್ನು ಊರೂರಿನ ಸಾಮಾನ್ಯ ಆರೋಗ್ಯ ಕೇಂದ್ರಗಳಿಗೆ ಒಯ್ಯಲು ಹೊರಟಿತು.

ಈಗ ಆ ಕಾಲ ಕಳೆಯಿತು, ಯಂತ್ರಗಳು ಬಂದಿವೆಯಲ್ಲ ಎಂದು ಕೇಳುವವರಿದ್ದಾರೆ. ಬಂದಿವೆ, ಸಂತೋಷವೇ. ಕ್ಷಯದ ಜೀನನ್ನು ಕೆಲವೇ ಗಂಟೆಗಳಲ್ಲಿ ಪತ್ತೆಹಚ್ಚುವ ಟ್ರೂನ್ಯಾಟ್ ಯಂತ್ರದ ಹಿಂದೆ ಉಲ್ಲಾಳಕ್ಕೆ ದೂರವಲ್ಲದ ರಾಜಾಜಿನಗರದ ಬಿಗ್‌ಟೆಕ್ ಪ್ರಯೋಗಶಾಲೆಯ ಶ್ರಮವಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅದಕ್ಕೆ ಮನ್ನಣೆ ಕೊಟ್ಟಿತು. ಹಳೆಯ ಬಣ್ಣದ ವಿಧಾನಕ್ಕಿಂತ ಅದು ಬಹಳ ಸೂಕ್ಷ್ಮವೆಂಬುದೂ ನಿಜ. ಒಂದು ಮಿಲಿಲೀಟರ್ ಕಫದಲ್ಲಿ ಐದಾರು ಸಾವಿರ ಜೀವಿಗಳಾದರೂ ಇಲ್ಲದಿದ್ದರೆ ಬಣ್ಣದ ಗಾಜುಪಟ್ಟಿಯಲ್ಲಿ ಏನೂ ಕಾಣದೆಹೋಗಬಹುದು. ಆದರೆ ಯಂತ್ರ ನಾವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಸತ್ತ ಜೀವಿಯ ಜೀನನ್ನೂ ಅದು ಎಣಿಸಿಬಿಡಬಹುದು. ಆದ್ದರಿಂದಲೇ ಚಿಕಿತ್ಸೆ ಪಡೆಯುತ್ತಿರುವವನ ದೇಹದಲ್ಲಿ ರೋಗಾಣು ಇನ್ನೂ ಬದುಕಿದೆಯೇ ಎಂದು ತಿಳಿಯಲು ಇಂದಿಗೂ ಬೆಳೆಸಿಯೇ ನೋಡುತ್ತಾರೆ. ಯಾವ ಔಷಧಕ್ಕೆ ಜೀವಿ ಬಗ್ಗುವುದಿಲ್ಲವೆಂಬ ಪ್ರಶ್ನೆಗೂ ಅನೇಕ ಸಲ ಅಗಾರಿನ ತಟ್ಟೆಯೇ ಕೊನೆಯ ನ್ಯಾಯಾಧೀಶ. ಔಷಧದ ಬಿಲ್ಲೆಯ ಸುತ್ತ ಬೆಳೆ ಬಾರದೆ ಬಯಲು ಉಳಿದರೆ ಔಷಧ ಕೆಲಸಮಾಡಿತೆಂದು ಅರ್ಥ. ಬಿಲ್ಲೆಯ ಅಂಚಿನವರೆಗೂ ಬೆಳೆದುಬಂದರೆ ಆ ಮಾತ್ರೆಯಿಂದ ರೋಗಿಗೆ ಫಲವಿಲ್ಲ.

ನನ್ನ ಕೋರಿಕೆ ದೊಡ್ಡದಲ್ಲ. ಕಾಲೇಜಿಗೊಂದರಂತೆ ಎಣ್ಣೆಯ ಮಸೂರವುಳ್ಳ ಸೂಕ್ಷ್ಮದರ್ಶಕಗಳು ಎರಡು ಮೂರಿರಲಿ. ಕುಕ್ಕರ್, ಕುಣಿಕೆಗಳು, ಒಂದು ಡಜನ್ ತಟ್ಟೆಗಳು, ನಾಲ್ಕು ಸೀಸೆ ಬಣ್ಣ ಇರಲಿ. ಪ್ರೌಢಶಾಲೆಯವರು ಮೊಸರು ಮತ್ತು ಬೇರುಗಂಟಿಗೆ ನಿಲ್ಲಲಿ. ಕೆರೆಯ ನೀರನ್ನು ಬೆಳೆಸುವುದು ಕಾಲೇಜಿನ ಪ್ರಯೋಗಶಾಲೆಯಲ್ಲಿ, ಅಧ್ಯಾಪಕರ ಎದುರಿನಲ್ಲಿ ಮಾತ್ರ. ಮನೆಯಲ್ಲಿ ಎಂದಿಗೂ ಕೂಡದು, ಏಕೆಂದರೆ ಅದರಲ್ಲಿ ಯಾವ ರೋಗಾಣು ಬೆಳೆದೀತೆಂದು ಮೊದಲೇ ಬಲ್ಲವರಿಲ್ಲ. ಉಗುಳು, ಗಾಯದ ಕೀವು, ಕಫ ಇವನ್ನು ಯಾವ ವಿದ್ಯಾರ್ಥಿಯೂ ಬೆಳೆಸಬಾರದು. ಬೆಳೆದ ತಟ್ಟೆಯ ಮುಚ್ಚಳವನ್ನು ಅಂಟುಪಟ್ಟಿಯಿಂದ ಬಿಗಿದು, ಹೊರಗಿನಿಂದಲೇ ನೋಡಬೇಕು. ಕೆಲಸ ಮುಗಿದ ಮೇಲೆ ತೆರೆಯದೆ ಕುಕ್ಕರಿನಲ್ಲಿಟ್ಟು ಬೇಯಿಸಿದ ನಂತರವೇ ಎಸೆಯಬೇಕು. ಆ ಕುಕ್ಕರನ್ನು ಮತ್ತೆ ಅಡುಗೆಗೆ ಬಳಸಕೂಡದೆಂದು ಬೇರೆ ಹೇಳಬೇಕಾಗಿಲ್ಲ.