ಓಡುವುದು ಕಾಲು, ಶೂ ಅಲ್ಲ

ಕಳೆದ ಮಳೆಗಾಲಕ್ಕೆ ಮುಂಚೆ ನಮ್ಮ ಡಾಕ್ಟರು ನನ್ನ ರಕ್ತಪರೀಕ್ಷೆಯ ಚೀಟಿ ನೋಡಿ, ‘ಸಕ್ಕರೆ ಇನ್ನೂ ಬಂದಿಲ್ಲ, ಬಾಗಿಲಲ್ಲಿ ನಿಂತಿದೆ. ದಿನಾ ನಲವತ್ತು ನಿಮಿಷ ಬೆವರು ಬರುವ ಹಾಗೆ ನಡೆಯಿರಿ, ಆಗುವುದಾದರೆ ಓಡಿ’ ಎಂದರು. ಮಾತ್ರೆ ಬರೆಯಲಿಲ್ಲ. ಅವರು ಹೇಳಿದ್ದರಲ್ಲಿ ಒಂದು ರೂಪಾಯಿ ಖರ್ಚಿನ ಬಾಬತ್ತೂ ಇರಲಿಲ್ಲ. ಮರುದಿನ ಬೆಳಿಗ್ಗೆ ನಾನು ಮೈದಾನದಲ್ಲಿರಬೇಕಿತ್ತು. ಇದ್ದದ್ದು ಹಾಸಿಗೆಯ ಮೇಲೆ. ಮೊಬೈಲು ಹಿಡಿದುಕೊಂಡು, ಓಟಕ್ಕೆ ಯಾವ ಶೂ ಒಳ್ಳೆಯದು ಎಂದು ನೋಡುತ್ತಿದ್ದೆ.

ಹದಿನೈದು ದಿನಗಳಲ್ಲಿ ನಮ್ಮ ಮನೆಗೆ ಬಂದ ಸಾಮಾನುಗಳು ಇವು: ಒಂದು ಜೊತೆ ಓಟದ ಶೂ, ಅದಕ್ಕೆ ಆಫರಿನಲ್ಲಿ ಜೊತೆಯಾದ ಇನ್ನೊಂದು ಜೊತೆ, ಬೆವರು ಹೀರುವ ಎರಡು ಅಂಗಿ, ಸೊಂಟಕ್ಕೆ ಕಟ್ಟಿಕೊಳ್ಳುವ ನೀರಿನ ಬಾಟಲಿ, ಮಳೆಯಲ್ಲಿ ಓಡುವುದಕ್ಕೆಂದೇ ಒಂದು ತೆಳು ಜಾಕೆಟ್ಟು. ಅದೇ ಹದಿನೈದು ದಿನಗಳಲ್ಲಿ ನಾನು ಮೈದಾನಕ್ಕೆ ಹೋದದ್ದು ಎರಡು ಸಲ. ಒಂದು ಸಲ ಶೂ ಕಾಲಿಗೆ ಸರಿಹೋಗುತ್ತದೆಯೇ ನೋಡಲು, ಇನ್ನೊಂದು ಸಲ ಗೆಳೆಯನಿಂದ ಫೋಟೋ ತೆಗೆಸಿಕೊಳ್ಳಲು.

ನನ್ನ ಹೆಂಡತಿ ಆ ಹದಿನೈದು ದಿನವೂ ಫಜ್ರ್ ನಮಾಜು ಮುಗಿಸಿ, ಬುರ್ಖಾ ಹಾಕಿಕೊಂಡು, ಮಗಳು ಹೈಸ್ಕೂಲಿನ ಪಿ.ಟಿ. ಪೀರಿಯಡ್ಡಿಗೆ ಹಾಕಿ ಬಿಟ್ಟಿದ್ದ ಕ್ಯಾನ್ವಾಸ್ ಶೂ ಮೆಟ್ಟಿ ಕೆರೆ ಏರಿಯ ಮೇಲೆ ನಾಲ್ಕು ಕಿಲೋಮೀಟರು ನಡೆದು ಬಂದಳು. ಒಂದು ದಿನ ಆಕೆ ವಾಪಸು ಬಂದಾಗ ನಾನು ಎದೆಬಡಿತ ಎಣಿಸುವ ಕೈಗಡಿಯಾರಗಳ ಬೆಲೆ ಹೋಲಿಸುತ್ತಾ ಕೂತಿದ್ದೆ. ಬಗ್ಗಿ ನೋಡಿ ಕೇಳಿದಳು: ‘ಎದೆ ಬಡಿದುಕೊಳ್ಳುವಂಥ ಯಾವ ಕೆಲಸ ಮಾಡಿದ್ದೀರಿ ಅಂತ ಎಣಿಸ್ತೀರಿ?’

ಇದು ನನ್ನೊಬ್ಬನ ಸೋಮಾರಿತನದ ಕತೆಯಾಗಿದ್ದರೆ ಪತ್ರಿಕೆಯ ಪುಟ ಹಾಳು ಮಾಡುತ್ತಿರಲಿಲ್ಲ. ನನ್ನ ಪರಿಚಯದ ಮೇಷ್ಟ್ರುಗಳು, ಬ್ಯಾಂಕಿನವರು, ಗಲ್ಫಿನಿಂದ ರಜೆಗೆ ಬಂದ ನೆಂಟರು, ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು, ಎಲ್ಲರ ಮನೆಯ ಶೂ ಸ್ಟ್ಯಾಂಡಿನಲ್ಲೂ ಇದೇ ಕತೆ ಇದೆ. ನಾವು ಮಧ್ಯಮವರ್ಗದವರು ಓಡಲು ಶುರು ಮಾಡುವ ಮೊದಲು ಓಟಗಾರರಾಗಲು ಹೊರಡುತ್ತೇವೆ. ಹಣ ಕೊಟ್ಟ ಕ್ಷಣದಲ್ಲೇ ಅರ್ಧ ಓಡಿದಂತೆ ಮನಸ್ಸು ಹಗುರಾಗುತ್ತದೆ. ಮಾರುಕಟ್ಟೆಗೆ ಬೇಕಾದದ್ದು ಈ ಹಗುರವೇ. ಅದು ಎರಡು ದಿನದಲ್ಲಿ ಇಳಿದು ಹೋಗುತ್ತದೆ. ಮೂರನೇ ದಿನ ನಾವು ಮತ್ತೆ ಅಂಗಡಿಯಲ್ಲಿರುತ್ತೇವೆ. ನಿಜವಾಗಿ ಓಡಿದವನಿಗೆ ಸಿಗುವ ತೃಪ್ತಿಯನ್ನು ಓಡದವನಿಗೆ ಕಂತಿನಲ್ಲಿ ಮಾರುವ ವ್ಯಾಪಾರ ಇದು. ಕೊಳ್ಳುಬಾಕತನದ ಬಗ್ಗೆ ಮಾತಾಡುವಾಗ ನಾವು ಮಾಲ್‌ಗಳನ್ನೂ ಮದುವೆ ಮನೆಗಳನ್ನೂ ಬೈಯುತ್ತೇವೆ. ಆರೋಗ್ಯದ ಹೆಸರಿನಲ್ಲಿ ಒಳಗೆ ಬಂದ ಇದನ್ನು ಮಾತ್ರ ಯಾರೂ ತಡೆಯುವುದಿಲ್ಲ.

ಕೆಲವು ಗೆಳೆಯರು ಇಲ್ಲಿ ಆಕ್ಷೇಪ ಎತ್ತುತ್ತಾರೆ. ಡಾಂಬರು ರಸ್ತೆಯಲ್ಲಿ ಸವೆದ ಶೂ ಹಾಕಿ ಓಡಿ ಮಂಡಿ ನೋವು ತಂದುಕೊಂಡರೆ ಯಾರು ಹೊಣೆ? ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ಓಡಿ ಗಾಯ ಮಾಡಿಕೊಂಡರೆ? ಆಕ್ಷೇಪ ನ್ಯಾಯವಾದದ್ದೇ. ಸಕ್ಕರೆ ಇರುವವರು ಬರಿಗಾಲಲ್ಲಿ ನಡೆಯಲೇಬಾರದು. ಕಾಲಿಗೆ ಸರಿಹೊಂದುವ ಒಂದು ಜೊತೆ ಶೂ ಬೇಕು. ನನ್ನ ತಕರಾರು ಎರಡನೆಯ ಜೊತೆಯಿಂದ ಶುರುವಾಗುತ್ತದೆ. ಓಟದ ಶೂ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರು ಬಾಳುತ್ತದೆ ಎಂಬುದು ಓಟಗಾರರೆಲ್ಲ ಒಪ್ಪುವ ಲೆಕ್ಕ. ವಾರಕ್ಕೆ ಮೂರು ದಿನ, ದಿನಕ್ಕೆ ಮೂರು ಕಿಲೋಮೀಟರು ಓಡುವವನಿಗೆ 500 ಮುಟ್ಟಲು ಒಂದು ವರ್ಷ ದಾಟುತ್ತದೆ. ನನ್ನ ಮೊದಲ ಜೊತೆ ಏಳು ಕಿಲೋಮೀಟರು ಓಡಿರಲಿಲ್ಲ. ಅಷ್ಟರಲ್ಲಿ ಅದೇ ಶೂ ಹೆಸರಿನ ಮುಂದೆ ಒಂದು ಅಂಕಿ ಹೆಚ್ಚಿಸಿಕೊಂಡು ಹೊಸ ಬಣ್ಣದಲ್ಲಿ ಬಂದಿತ್ತು, ನನ್ನದು ಹಳತಾಗಿತ್ತು.

ಅಂಕಿಗಳ ಮೋಹವನ್ನೇ ನೋಡಿ. 2017ರಲ್ಲಿ ನೈಕಿ ಕಂಪೆನಿ ಓಟಗಾರನ ಶಕ್ತಿಯಲ್ಲಿ ಶೇಕಡಾ 4ರಷ್ಟು ಉಳಿಸುವುದಾಗಿ ಹೇಳಿಕೊಂಡು ಒಂದು ಶೂ ತಂದಿತು. ಅದೇ ವಂಶದ ಶೂ ತೊಟ್ಟು ಕೀನ್ಯಾದ ಎಲಿಯುಡ್ ಕಿಪ್‌ಚೊಗೆ 2019ರ ಅಕ್ಟೋಬರಿನಲ್ಲಿ ವಿಯೆನ್ನಾದಲ್ಲಿ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದರು. ಶೂಗಳ ಪೈಪೋಟಿ ಎಲ್ಲಿಗೆ ಮುಟ್ಟಿತೆಂದರೆ 2020ರ ಜನವರಿಯಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಶೂವಿನ ಅಟ್ಟೆ 40 ಮಿಲಿಮೀಟರಿಗಿಂತ ದಪ್ಪ ಇರಕೂಡದೆಂದು ನಿಯಮ ಮಾಡಬೇಕಾಯಿತು. ಕಿಪ್‌ಚೊಗೆಯವರಿಗೆ ಶೇಕಡಾ 4 ಎಂದರೆ ಒಂದು ಜನ್ಮದ ದುಡಿಮೆ. ನನಗೆ? ಮೂರು ಕಿಲೋಮೀಟರು ಓಡಿ ದಾರಿಯಲ್ಲೇ ಎರಡು ಪ್ಲೇಟು ಪೂರಿ ತಿಂದು ಬರುವವನು ನಾನು. ಶಕ್ತಿ ಖರ್ಚಾಗಲಿ ಎಂದೇ ಡಾಕ್ಟರು ಓಡಲು ಹೇಳಿದ್ದು. ಅದನ್ನು ಉಳಿಸುವ ಶೂವಿಗೆ ಇಪ್ಪತ್ತು ಸಾವಿರ ಕೊಡುವವನನ್ನು ಏನೆಂದು ಕರೆಯಬೇಕು?

ಜಾಹೀರಾತುಗಳಲ್ಲಿ ಮೊದಲು ಶೂ ಬರುತ್ತದೆ, ಆಮೇಲೆ ಮನುಷ್ಯ ಓಡುತ್ತಾನೆ. ಇತಿಹಾಸದಲ್ಲಿ ನಡೆದದ್ದು ಹಿಂದುಮುಂದು. ಇಥಿಯೋಪಿಯಾದ ಅಬೆಬೆ ಬಿಕಿಲ 1960ರಲ್ಲಿ ರೋಮ್ ಒಲಿಂಪಿಕ್ಸಿನ ಮ್ಯಾರಥಾನನ್ನು ಬರಿಗಾಲಲ್ಲಿ ಓಡಿ 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಗೆದ್ದರು, ಅದು ವಿಶ್ವದಾಖಲೆ. ನಾಲ್ಕು ವರ್ಷಗಳ ನಂತರ ಟೋಕಿಯೋದಲ್ಲಿ ಶೂ ಹಾಕಿಕೊಂಡು ಓಡಿ ಮತ್ತೆ ಗೆದ್ದರು. ಎರಡೂ ಸಲ ಓಡಿದ್ದು ಅದೇ ಕಾಲುಗಳು. ನಮ್ಮ ಪಂಜಾಬಿನಲ್ಲಿ ಹುಟ್ಟಿದ ಫೌಜಾ ಸಿಂಗರು ಮೊದಲ ಮ್ಯಾರಥಾನ್ ಓಡಿದ್ದು 2000ದಲ್ಲಿ, ಲಂಡನಿನಲ್ಲಿ, ತಮ್ಮ 89ನೇ ವಯಸ್ಸಿನಲ್ಲಿ. ಅಡಿಡಾಸ್ ಕಂಪೆನಿ ಅವರನ್ನು ಜಾಹೀರಾತಿಗೆ ಕರೆದದ್ದು ಅದಾದ ಕೆಲವು ವರ್ಷಗಳ ಮೇಲೆ. 2025ರ ಜುಲೈಯಲ್ಲಿ ತಮ್ಮ ಹುಟ್ಟೂರಿನ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಆ ಮುದುಕರು ಓಡಲು ಯಾವ ಕಂಪೆನಿಗೂ ಕಾದಿರಲಿಲ್ಲ. ಕಂಪೆನಿಯೇ ಅವರ ಹಿಂದೆ ಓಡಿ ಬಂತು.

ಇನ್ನು ಮಳೆಯ ಜಾಕೆಟ್ಟಿನ ವಿಷಯ. ಈಚೆಗೆ ‘ಔಟ್‌ಡೋರ್’ ಎಂಬ ಹೆಸರಿನಲ್ಲಿ ಬೇರೊಂದು ಬಜಾರೇ ತೆರೆದಿದೆ. ಬೆಟ್ಟ ಹತ್ತುವ ಬೂಟು, ಜಿಗಣೆ ಹತ್ತದ ಕಾಲುಚೀಲ, ನೀರಿಳಿಯದ ಚೀಲ. ನಾನು ಹುಟ್ಟಿ ಬೆಳೆದದ್ದು ಮಲೆನಾಡಿನ ಸೆರಗಿನಲ್ಲಿ. ಅಲ್ಲಿ ಗದ್ದೆ ನಾಟಿಗೆ ಹೋಗುವ ಹೆಂಗಸರು ಬೆನ್ನ ಮೇಲೆ ಗೊರಬು ಹೊತ್ತು ದಿನವಿಡೀ ಬಾಗಿರುತ್ತಿದ್ದರು. ಗಂಡಸರು ಕಂಬಳಿಕೊಪ್ಪೆ ಹಾಕುತ್ತಿದ್ದರು. ಇಂಬಳ ಹತ್ತದಂತೆ ಕಾಲಿಗೆ ಹೊಗೆಸೊಪ್ಪು, ಸುಣ್ಣ ತಿಕ್ಕುತ್ತಿದ್ದರು. ನಮ್ಮ ಅಬ್ಬಾ ಬಟ್ಟೆಯ ಗಂಟು ಹೊತ್ತು ಊರೂರು ತಿರುಗಿ ಸೀರೆ, ಲಂಗದ ಬಟ್ಟೆ ಮಾರುತ್ತಿದ್ದವರು. ಆಷಾಢದ ಮಳೆಯಲ್ಲಿ ಗಂಟಿಗೆ ಪ್ಲಾಸ್ಟಿಕ್ ಹಾಳೆ ಸುತ್ತುತ್ತಿದ್ದರು, ತಾವು ಕೊಡೆ ಹಿಡಿಯುತ್ತಿದ್ದರು, ಗಾಳಿಗೆ ಕೊಡೆ ಮಗುಚಿದರೆ ನೆನೆಯುತ್ತಿದ್ದರು. ಹವಾಯಿ ಚಪ್ಪಲಿಯ ಬಾರು ಕಿತ್ತರೆ ಪಿನ್ನು ಚುಚ್ಚಿ ಮನೆ ಮುಟ್ಟುತ್ತಿದ್ದರು. ಅವರ ಇಡೀ ಬದುಕು ಬಯಲಲ್ಲೇ ಕಳೆಯಿತು. ಅದನ್ನು ‘ಔಟ್‌ಡೋರ್’ ಎಂದು ಅವರಿಗೆ ಯಾರೂ ಹೇಳಲಿಲ್ಲ.

ಆ ಕಷ್ಟವನ್ನು ನಾನು ಚಂದ ಮಾಡಿ ತೋರಿಸುತ್ತಿಲ್ಲ. ಅಬ್ಬಾ ಚಳಿಯಲ್ಲಿ ನಡುಗುತ್ತಾ ಬರುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಆಗ ಒಳ್ಳೆಯ ಮಳೆಯಂಗಿ ಇದ್ದಿದ್ದರೆ ಅವರಿಗೆ ಬೇಕಿತ್ತು. ನನ್ನ ಮಾತು ಇರುವುದು ಇಲ್ಲಿಯೇ. ನಿಜವಾಗಿ ಹೊರಗೆ ದುಡಿಯುವವರಿಗೆ ಸಲಕರಣೆ ಇಲ್ಲ. ವಾರಕ್ಕೊಮ್ಮೆ ಹೊರಗೆ ಹೋಗಿ ಬರುವ ನಮ್ಮ ಬೀರುವಿನಲ್ಲಿ ಅದು ಹಿಡಿಸದಷ್ಟಿದೆ. ಬೆಳಿಗ್ಗೆ ಆರು ಗಂಟೆಗೆ ಯಾವ ಪಟ್ಟಣದ ರಸ್ತೆಗಾದರೂ ಇಳಿದು ನೋಡಿ. ಸಾವಿರಾರು ರೂಪಾಯಿಯ ಶೂ ತೊಟ್ಟವರು ಓಡುತ್ತಿರುತ್ತಾರೆ. ಪಕ್ಕದಲ್ಲೇ ಹರಿದ ಚಪ್ಪಲಿಯಲ್ಲಿ, ಬರಿಗೈಯಲ್ಲಿ ಕಸ ಬಾಚುವ ಪೌರಕಾರ್ಮಿಕರು ಇರುತ್ತಾರೆ. ಚರಂಡಿ, ಮಲಗುಂಡಿಗಳ ಅಪಾಯಕರ ಕೆಲಸಕ್ಕೆ ರಕ್ಷಣಾ ಸಾಮಗ್ರಿ ಕೊಡಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಆದರೂ ಗುಂಡಿಗಿಳಿದು ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಬೂಟು, ಕೈಗವಸು ಜೀವದ ಪ್ರಶ್ನೆಯಾಗಿರುವುದು ಅವರಿಗೆ. ನಮಗೆ ಅದು ಬಣ್ಣದ ಪ್ರಶ್ನೆ.

ನಾವು ಕೊಂಡರೆ ತಾನೇ ಕಾರ್ಖಾನೆ ನಡೆಯುವುದು, ಬಡವರಿಗೆ ಕೆಲಸ ಸಿಗುವುದು ಎಂಬ ವಾದವೂ ಇದೆ. ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರನ್ನು ನೆನಪಿಸಿಕೊಳ್ಳಿ. ಕೇಂದ್ರ ಸರಕಾರ ಭವಿಷ್ಯ ನಿಧಿಯ ನಿಯಮ ಬದಲಿಸಿ, ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದಾಗ, 2016ರ ಏಪ್ರಿಲಿನಲ್ಲಿ ಅವರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದು ಹೊಸೂರು ರಸ್ತೆಯನ್ನು ನಿಲ್ಲಿಸಿದರು. ಎರಡೇ ದಿನಗಳಲ್ಲಿ ಸರಕಾರ ಹಿಂದೆ ಸರಿಯಿತು. ನಮಗಾಗಿ ಇನ್ನೂ ನಾಲ್ಕು ಅಂಗಿ ಕೊಳ್ಳಿ ಎಂದು ಅವರು ಯಾರನ್ನೂ ಕೇಳಲಿಲ್ಲ. ಕೇಳಿದ್ದು ತಮ್ಮ ದುಡಿಮೆಯ ಹಣವನ್ನು. ನಮ್ಮ ಖರೀದಿಯನ್ನು ಅವರ ಹೆಸರಿನಲ್ಲಿ ಸಮರ್ಥಿಸಿಕೊಳ್ಳುವ ಹಕ್ಕು ನಮಗಿಲ್ಲ.

ಹಾಗಾದರೆ ಪರಿಸರಸ್ನೇಹಿ ಶೂ, ಪರಿಸರಸ್ನೇಹಿ ಜಾಕೆಟ್ಟು ಕೊಳ್ಳೋಣವೇ? ಅಮೆರಿಕದ ಪ್ಯಾಟಗೋನಿಯಾ ಕಂಪೆನಿ 2011ರ ನವೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ತನ್ನದೇ ಜಾಕೆಟ್ಟಿನ ಚಿತ್ರ ಹಾಕಿ, ಇದನ್ನು ಕೊಳ್ಳಬೇಡಿ ಎಂದು ಜಾಹೀರಾತು ಕೊಟ್ಟಿತು. ಅದೊಂದು ಜಾಕೆಟ್ಟಿಗೆ 135 ಲೀಟರು ನೀರು ಬೇಕಾಯಿತೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡಿತು. ಮರುವರ್ಷ ಆ ಕಂಪೆನಿಯ ವ್ಯಾಪಾರ ಇನ್ನೂ ಹೆಚ್ಚಿತು. ಕೊಳ್ಳಬೇಡಿ ಎಂದರೂ ಕೊಳ್ಳುವ ಜನ ನಾವು. ಒಳ್ಳೆಯ ಕಂಪೆನಿಯದು ಎಂಬ ಸಮಾಧಾನವನ್ನೂ ಬಿಲ್ಲಿನೊಳಗೇ ಸೇರಿಸಿ ತರುತ್ತೇವೆ. ಅಮೆರಿಕದ ಎಂ.ಐ.ಟಿ. ಸಂಶೋಧಕರು 2013ರಲ್ಲಿ ಲೆಕ್ಕ ಹಾಕಿದಂತೆ ಒಂದು ಜೊತೆ ಓಟದ ಶೂ ಸುಮಾರು 14 ಕಿಲೋ ಇಂಗಾಲದ ಡೈ ಆಕ್ಸೈಡಿಗೆ ಸಮನಾದ ಹೊಗೆ ಬಿಡುತ್ತದೆ. 65 ಬಿಡಿಭಾಗಗಳು, 360ಕ್ಕೂ ಹೆಚ್ಚು ಹಂತಗಳು. ಹೊಗೆಯ ಬಹುಪಾಲು ಏಳುವುದು ಕಾರ್ಖಾನೆಯಲ್ಲೇ, ಅಂದರೆ ನಾವು ಅದನ್ನು ಕಾಲಿಗೆ ಹಾಕುವ ಮೊದಲೇ. ಆದ್ದರಿಂದ ಈಗಾಗಲೇ ಮನೆಯಲ್ಲಿರುವ ಶೂವಿಗಿಂತ ಪರಿಸರಸ್ನೇಹಿಯಾದದ್ದು ಯಾವ ಅಂಗಡಿಯಲ್ಲೂ ಇಲ್ಲ.

ಇದರಲ್ಲಿ ನಮಗೆ ಕಾಣದ ಇನ್ನೊಂದು ಅನ್ಯಾಯವಿದೆ. ಆಟಗಳಲ್ಲೆಲ್ಲ ಬಡವರಿಗೆ ಉಳಿದಿದ್ದದ್ದು ಓಟ. ನಾನು ಓದಿದ ಸರಕಾರಿ ಉರ್ದು ಶಾಲೆಯಲ್ಲಿ ಬ್ಯಾಟಿಗೆ, ಬಲೆಗೆ ದುಡ್ಡಿರಲಿಲ್ಲ. ಮೇಷ್ಟ್ರು ಸುಣ್ಣದಲ್ಲಿ ಗೆರೆ ಎಳೆದು ಸೀಟಿ ಊದುತ್ತಿದ್ದರು, ನಾವು ಬರಿಗಾಲಲ್ಲಿ ಓಡುತ್ತಿದ್ದೆವು. ಈಗ ನಮ್ಮ ಬೀದಿಯ ಹುಡುಗ, ಗ್ಯಾರೇಜಿನಲ್ಲಿ ಕೆಲಸ ಮಾಡುವವನು, ಮೈದಾನದ ಗೇಟಿನ ಹೊರಗೆ ನಿಂತು ನಮ್ಮನ್ನು ನೋಡುತ್ತಾನೆ. ‘ಬಾರೋ, ಓಡು’ ಎಂದರೆ, ‘ಶೂ ಇಲ್ಲ ಭಾಯ್’ ಎನ್ನುತ್ತಾನೆ. ಶೂ ಇಲ್ಲದವನು ಓಡಬಾರದು ಎಂಬ ಕಾನೂನನ್ನು ಯಾವ ಸರಕಾರವೂ ಮಾಡಲಿಲ್ಲ. ನಮ್ಮ ಕಾಲುಗಳನ್ನು ನೋಡಿ ಅವನು ಕಲಿತದ್ದು. ನನ್ನ ಹೆಂಡತಿಯ ಗೆಳತಿಯರಲ್ಲೂ ಇಂಥವರಿದ್ದಾರೆ: ಬುರ್ಖಾದಲ್ಲಿ, ಸೀರೆಯಲ್ಲಿ ವಾಕಿಂಗ್ ಹೋದರೆ ಟ್ರ್ಯಾಕ್ ಪ್ಯಾಂಟಿನವರ ನಡುವೆ ನಗೆಪಾಟಲಾಗುತ್ತೇವೆಂದು ಮನೆಯಲ್ಲೇ ಉಳಿದವರು. ಅವರಲ್ಲಿ ಕೆಲವರ ರಕ್ತಪರೀಕ್ಷೆಯ ಚೀಟಿ ನನ್ನದಕ್ಕಿಂತ ಕೆಟ್ಟದಾಗಿದೆ.

ನಾನು ಕಲಿತ ಎರಡು ಕಟ್ಟಲೆಗಳನ್ನು ಹೇಳಿ ಮುಗಿಸುತ್ತೇನೆ. ಹೊಸದು ಬೇಕೆನಿಸಿದ ದಿನ ಇದ್ದದ್ದನ್ನೇ ಹಾಕಿಕೊಂಡು ಹೊರಗೆ ಹೋಗಬೇಕು. ನೂರು ಕಿಲೋಮೀಟರು ಮುಗಿದ ಮೇಲೂ ಬೇಕೆನಿಸಿದರೆ ಆಗ ಯೋಚಿಸಬಹುದು. ಕಿತ್ತದ್ದನ್ನು ಮೊದಲು ಬಸ್‌ಸ್ಟ್ಯಾಂಡಿನ ಮೋಚಿಯ ಹತ್ತಿರ ಒಯ್ಯಬೇಕು. ಸವೆದ ಅಟ್ಟೆಗೆ ಅವನು ಏನೂ ಮಾಡಲಾರ, ನಿಜ. ಆದರೆ ಬದಿ ಬಿಟ್ಟಿದ್ದಕ್ಕೆ, ಹೊಲಿಗೆ ಬಿಚ್ಚಿದ್ದಕ್ಕೆ ಅವನ ಸೂಜಿ ಸಾಕು.

ಆಫರಿನಲ್ಲಿ ಬಂದ ಎರಡನೆಯ ಜೊತೆ ಈಗ ಗ್ಯಾರೇಜಿನ ಹುಡುಗನ ಕಾಲಲ್ಲಿದೆ. ಒಂದು ಅಳತೆ ದೊಡ್ಡದು, ಮುಂದೆ ಬಟ್ಟೆ ತುರುಕಿಕೊಂಡಿದ್ದಾನೆ. ಇದನ್ನು ದಾನವೆಂದು ಬರೆದುಕೊಳ್ಳುವ ಮುಖ ನನಗಿಲ್ಲ, ಬೇಡದ್ದನ್ನು ಕೊಂಡ ತಪ್ಪಿನ ದಂಡ ಅದು. ಅವನು ಮೈದಾನವನ್ನು ಹತ್ತು ಸುತ್ತು ಹಾಕುತ್ತಾನೆ, ನಾನು ನಾಲ್ಕಕ್ಕೆ ಕೂರುತ್ತೇನೆ. ಕೈಗಡಿಯಾರವನ್ನು ಕೊಂಡಿಲ್ಲ. ಎದೆ ಬಡಿದುಕೊಳ್ಳುವುದು ಅದಿಲ್ಲದೆಯೂ ಕೇಳಿಸುತ್ತಿದೆ.