ವ್ಯಾಪಾರಕ್ಕಾಗಿ ಪರದೇಶ ಯಾತ್ರೆ: ಲಾಭವೊಂದೇ ಲೆಕ್ಕವೇ?

ಒಬ್ಬ ವ್ಯಕ್ತಿಯ ಪ್ರಾಮಾಣಿಕತೆಗೆ ಸಾಕ್ಷಿ ನುಡಿಯಲು ಮುಂದೆ ಬಂದವನನ್ನು ದ್ವಿತೀಯ ಖಲೀಫ ಹ. ಉಮರ್(ರ) ಅವರು ಮೂರು ಪ್ರಶ್ನೆ ಕೇಳಿದರೆಂದು ವರದಿಯಾಗಿದೆ. ಆತ ನಿನ್ನ ನೆರೆಮನೆಯವನೇ ಎಂಬುದು ಒಂದು. ಆತನ ಜೊತೆ ಪ್ರಯಾಣ ಮಾಡಿರುವೆಯಾ ಎಂಬುದು ಇನ್ನೊಂದು. ದೀನಾರ್ ಮತ್ತು ದಿರ್ಹಮ್‌ಗಳ ವ್ಯವಹಾರ ನಡೆಸಿರುವೆಯಾ ಎಂಬುದು ಮತ್ತೊಂದು. ಮೂರಕ್ಕೂ ಇಲ್ಲವೆಂಬ ಉತ್ತರ ಬಂದಾಗ ಖಲೀಫರು, ಬಹುಶಃ ಆತ ಮಸೀದಿಯಲ್ಲಿ ನಮಾಝ್ ಮಾಡುವುದನ್ನಷ್ಟೇ ನೀನು ಕಂಡಿರಬೇಕು, ನಿನಗೆ ಆತನ ಪರಿಚಯವೇ ಇಲ್ಲ ಎಂದು ಅವನನ್ನು ಮರಳಿಸಿಬಿಟ್ಟರು.

ಈ ಘಟನೆಯನ್ನು ನಾವು ಮದುವೆ ಸಂಬಂಧ ವಿಚಾರಿಸುವಾಗ ನೆನಪಿಸಿಕೊಳ್ಳುತ್ತೇವೆ. ಆದರೆ ಇದರಲ್ಲಿರುವ ಎರಡು ಪರೀಕ್ಷೆಗಳು, ಅಂದರೆ ಪ್ರಯಾಣ ಮತ್ತು ಹಣದ ವ್ಯವಹಾರ, ಒಂದೇ ಕಡೆ ಸೇರುವ ಸಂದರ್ಭವೊಂದಿದೆ. ಅದು ವ್ಯಾಪಾರಕ್ಕಾಗಿ ಕೈಗೊಳ್ಳುವ ಪರದೇಶ ಯಾತ್ರೆ. ಊರಿನಲ್ಲಿ ಇರುವಾಗ ನಮ್ಮನ್ನು ಕಾಯಲು ಹಲವರಿದ್ದಾರೆ. ಮನೆಯ ಹಿರಿಯರ ಕಣ್ಣು, ಮಸೀದಿಯ ಸಾಲಿನಲ್ಲಿ ನಮ್ಮ ಗೈರುಹಾಜರಿಯನ್ನು ಗುರುತಿಸುವ ನೆರೆಯವರು, ಬೀದಿಯಲ್ಲಿ ಹೆಸರು ಹಿಡಿದು ಕರೆಯುವ ಪರಿಚಿತರು. ವಿಮಾನ ಇಳಿದ ಮೇಲೆ ಇವರು ಯಾರೂ ಇಲ್ಲ. ಭಾಷೆ ಬೇರೆ, ಕಾನೂನು ಬೇರೆ, ಹೋಟೆಲಿನ ಕೋಣೆಯಲ್ಲಿ ಒಬ್ಬನೇ. ಅಲ್ಲಿ ಉಳಿಯುವುದು ಅಲ್ಲಾಹನ ಅರಿವು ಮಾತ್ರ. ನಮ್ಮೊಳಗೆ ತಕ್ವಾ ಎಷ್ಟಿದೆ ಎಂಬುದು ಅಂತಹ ಜಾಗದಲ್ಲಿಯೇ ತಿಳಿಯುತ್ತದೆ.

ವ್ಯಾಪಾರ ಯಾತ್ರೆಯನ್ನು ಇಸ್ಲಾಮ್ ಕೀಳಾಗಿ ಕಂಡಿಲ್ಲ. ಪವಿತ್ರ ಕುರ್‌ಆನಿನ ಸೂರಃ ಕುರೈಶ್, ಮಕ್ಕಾದವರ ಚಳಿಗಾಲ ಮತ್ತು ಬೇಸಗೆಯ ಯಾತ್ರೆಗಳನ್ನು ಅಲ್ಲಾಹನ ಅನುಗ್ರಹವಾಗಿ ಸ್ಮರಿಸುತ್ತದೆ. ಒಂದು ಯಮನ್ ಕಡೆಗೆ, ಇನ್ನೊಂದು ಶಾಮ್ ಕಡೆಗೆ ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಸೂರಃ ಮುಝ್ಝಮ್ಮಿಲ್‌ನ ಕೊನೆಯ ಸೂಕ್ತವು, ಅಲ್ಲಾಹನ ಔದಾರ್ಯವನ್ನು ಅರಸಿ ಭೂಮಿಯಲ್ಲಿ ಸಂಚರಿಸುವವರನ್ನು ಅವನ ಮಾರ್ಗದಲ್ಲಿ ಹೋರಾಡುವವರ ಜೊತೆಯಲ್ಲಿಯೇ ಪ್ರಸ್ತಾಪಿಸುತ್ತದೆ. ಹಲಾಲ್ ಸಂಪಾದನೆಗಾಗಿ ಸೂಟ್‌ಕೇಸ್ ಹಿಡಿದು ಹೊರಡುವವನಿಗೆ ಇದಕ್ಕಿಂತ ದೊಡ್ಡ ಗೌರವ ಬೇಕೇ?

ಪ್ರವಾದಿವರ್ಯರ(ಸ) ಜೀವನದಲ್ಲಿಯೇ ಇದಕ್ಕೆ ಮಾದರಿಯಿದೆ. ಪ್ರವಾದಿತ್ವಕ್ಕೆ ಮುಂಚೆ, ಸುಮಾರು 25ರ ಪ್ರಾಯದಲ್ಲಿ, ಹ. ಖದೀಜಾ(ರ) ಅವರ ಸರಕುಗಳೊಂದಿಗೆ ಪ್ರವಾದಿವರ್ಯರು(ಸ) ಶಾಮ್‌ಗೆ ತೆರಳಿದರು. ಖದೀಜಾರ(ರ) ಸೇವಕ ಮೈಸರಾ ಜೊತೆಗಿದ್ದರು. ಮರಳಿ ಬಂದಾಗ ಒಳ್ಳೆಯ ಲಾಭವಿತ್ತು. ಆದರೆ ಮೈಸರಾ ತಮ್ಮ ಒಡತಿಯ ಮುಂದೆ ಲಾಭದ ಲೆಕ್ಕವನ್ನಷ್ಟೇ ಇಡಲಿಲ್ಲ. ದಾರಿಯುದ್ದಕ್ಕೂ ಕಂಡ ಸಹಪ್ರಯಾಣಿಕರ ಸದ್ವರ್ತನೆಯನ್ನೂ ವಿವರಿಸಿದರು. ಆ ವಿವರಣೆಯೇ ಮುಂದೆ ಒಂದು ಮಹಾನ್ ದಾಂಪತ್ಯಕ್ಕೆ ದಾರಿಯಾಯಿತು. ಅಂದಿನ ಮಕ್ಕಾದ ಒಬ್ಬ ವ್ಯಾಪಾರಿ ಮಹಿಳೆಗೆ ಲಾಭದಷ್ಟೇ ಮುಖ್ಯವಾಗಿ ನಡತೆಯ ವರದಿಯೂ ಬೇಕಿತ್ತು. ನಮ್ಮ ಮನೆಗಳಲ್ಲಿ ಯಾತ್ರೆ ಮುಗಿಸಿ ಬಂದವರಿಂದ ಈ ಎರಡನೆಯ ವರದಿಯನ್ನು ನಾವು ಕೇಳುತ್ತಿದ್ದೇವೆಯೇ? ಈ ಲೇಖನದ ಪ್ರಶ್ನೆ ಇಷ್ಟೇ.

ಕರ್ನಾಟಕದ ಮುಸ್ಲಿಮರಿಗೆ, ಅದರಲ್ಲೂ ಕರಾವಳಿಯವರಿಗೆ, ಸಮುದ್ರದಾಚೆಯ ವ್ಯಾಪಾರ ಹೊಸತಲ್ಲ. ಕೊಲ್ಲಿ ರಾಷ್ಟ್ರಗಳ ಜೊತೆಗೆ ಈಗ ಚೀನಾ ಕೂಡ ಅನೇಕ ವ್ಯಾಪಾರಿಗಳ ಕಾಯಂ ದಾರಿಯಾಗಿದೆ. ಗ್ವಾಂಗ್‌ಝೌ ನಗರದಲ್ಲಿ 1957ರಿಂದ ನಡೆಯುತ್ತಿರುವ ಕ್ಯಾಂಟನ್ ಮೇಳ ವರ್ಷಕ್ಕೆ ಎರಡು ಬಾರಿ, ವಸಂತ ಮತ್ತು ಶರತ್ಕಾಲಗಳಲ್ಲಿ, ನಡೆಯುತ್ತದೆ. ಶಾಂಘೈಯಿಂದ ಸುಮಾರು 300 ಕಿ.ಮೀ. ದೂರದ ಯೀವು ಪಟ್ಟಣದಲ್ಲಿ 75 ಸಾವಿರದಷ್ಟು ಮಳಿಗೆಗಳ ಸಗಟು ಮಾರುಕಟ್ಟೆಯಿದೆ. ನಮ್ಮ ಊರಿನ ಅಂಗಡಿಗಳಲ್ಲಿ ಕಾಣುವ ಆಟಿಕೆ, ಬ್ಯಾಗು, ಅಲಂಕಾರ ಸಾಮಗ್ರಿಗಳಲ್ಲಿ ಎಷ್ಟೋ ಅಲ್ಲಿಂದ ಕಂಟೇನರ್ ಹತ್ತಿ ಬಂದವು. ಅಧ್ಯಾಪಕನಾದ ನಾನು ವ್ಯಾಪಾರಿಯಲ್ಲ. ಆದರೆ ನನ್ನ ವಿದ್ಯಾರ್ಥಿಗಳ ತಂದೆಯರು, ನನ್ನಲ್ಲಿ ಓದಿ ಹೋದ ಯುವಕರು ಇಂತಹ ಯಾತ್ರೆಗಳಿಂದ ಬಂದು ತಮ್ಮ ಅನುಭವಗಳನ್ನು ಹಂಚಿಕೊಳ್ಳುತ್ತಾರೆ, ಮಸ್‌ಅಲಗಳನ್ನು ಕೇಳುತ್ತಾರೆ. ಅವುಗಳಲ್ಲಿ ಕೆಲವು ಎಲ್ಲರೂ ತಿಳಿಯಬೇಕಾದವು.

ಒಬ್ಬ ಸಹೋದರರು ಯೀವುನಲ್ಲಿ ಮೊದಲ ಬಾರಿಗೆ ದೊಡ್ಡ ಖರೀದಿ ಮಾಡಿದರು. ಎಲ್ಲ ಮಾತುಕತೆ ಮುಗಿದ ಮೇಲೆ ಮಳಿಗೆಯಾಕೆ ಬಹಳ ಸಹಜವಾಗಿ, ಬಿಲ್ಲಿನಲ್ಲಿ ಎಷ್ಟು ಮೊತ್ತ ಬರೆಯಲಿ ಎಂದು ಕೇಳಿದಳಂತೆ. ಕೊಟ್ಟ ಬೆಲೆಯ ಅರ್ಧ ತೋರಿಸಿದರೆ ಇಲ್ಲಿನ ಬಂದರಿನಲ್ಲಿ ಕಟ್ಟುವ ಸುಂಕವೂ ಕಡಿಮೆ, ಉಳಿದ ಹಣವನ್ನು ಬೇರೆ ದಾರಿಯಿಂದ ತಲುಪಿಸಿದರಾಯಿತು. ಈ ಸಹೋದರರು ನಿಜವಾದ ಮೊತ್ತವನ್ನೇ ಬರೆಯಿಸಿದರು. ಅದರಿಂದ ಅವರಿಗೆ ಕೂಡಲೇ ದೊಡ್ಡ ಬರಕತ್ ಬಂತೆಂದು ನಾನು ಕಥೆ ಕಟ್ಟಲಾರೆ. ಆ ಹಬ್ಬದ ಋತುವಿನಲ್ಲಿ ಅದೇ ಸರಕನ್ನು ಪಕ್ಕದ ಅಂಗಡಿಯವರು ಕಡಿಮೆ ಬೆಲೆಗೆ ಮಾರಿದರು. ಇವರ ಸರಕಿನ ಒಂದು ಭಾಗ ಗೋದಾಮಿನಲ್ಲಿಯೇ ಉಳಿಯಿತು. ಸತ್ಯಕ್ಕೆ ಬೆಲೆ ತೆರಬೇಕಾಗುತ್ತದೆ, ಅವರು ತೆತ್ತರು.

ಇಲ್ಲಿ ಕೆಲವರ ವಾದವೊಂದಿದೆ. ಸುಂಕ ವಿಪರೀತವಾಗಿದೆ, ಎಲ್ಲರೂ ಹಾಗೆಯೇ ಮಾಡುತ್ತಾರೆ, ಒಬ್ಬನೇ ನಿಯಮ ಪಾಲಿಸಿದರೆ ಅಂಗಡಿ ಮುಚ್ಚಬೇಕಾದೀತು. ಈ ಸಂಕಟ ಸುಳ್ಳಲ್ಲ. ಸುಂಕದ ಪ್ರಮಾಣ ನ್ಯಾಯವೇ ಅಲ್ಲವೇ ಎಂದು ಚರ್ಚಿಸುವ ಹಕ್ಕು ನಮಗಿದೆ. ವ್ಯಾಪಾರಿಗಳ ಸಂಘಗಳ ಮೂಲಕ ಸರಕಾರದ ಮುಂದೆ ಅದನ್ನು ಹೇಳಲೂಬಹುದು. ಆದರೆ ತಪ್ಪು ಮೊತ್ತವಿರುವ ಕಾಗದವನ್ನು ನಿಜವೆಂದು ಅಧಿಕಾರಿಯ ಮುಂದಿಡುವುದು ಸುಂಕದ ಪ್ರಶ್ನೆಯಲ್ಲ, ಸುಳ್ಳು ಸಾಕ್ಷ್ಯದ ಪ್ರಶ್ನೆ. ಮಾಡಿಕೊಂಡ ಕರಾರುಗಳನ್ನು ಪೂರ್ತಿಗೊಳಿಸಬೇಕೆಂದು ಸೂರಃ ಮಾಇದಃ ಆರಂಭದಲ್ಲಿಯೇ ಆಜ್ಞಾಪಿಸುತ್ತದೆ. ಆಮದು ಪರವಾನಗಿ ಪಡೆಯುವಾಗ ನಾವು ಈ ದೇಶದ ಕಾನೂನಿನೊಂದಿಗೆ ಕರಾರು ಮಾಡಿಕೊಂಡಿದ್ದೇವೆ. ಆ ಸಂಪಾದನೆಯಿಂದ ಉಮ್ರಾ ಮಾಡಿದರೂ ಮಸೀದಿಗೆ ಕಾರ್ಪೆಟ್ ಹಾಸಿದರೂ ಕಾಗದದ ಮೇಲಿನ ಸುಳ್ಳು ಸುಳ್ಳಾಗಿಯೇ ಉಳಿಯುತ್ತದೆ.

ಪರದೇಶದಲ್ಲಿ ಒಬ್ಬನ ವಂಚನೆಯು ಅವನೊಬ್ಬನಿಗೆ ಮುಗಿಯುವುದಿಲ್ಲ. 2012ರ ಜನವರಿಯ ಸುದ್ದಿ ಕೆಲವರಿಗೆ ನೆನಪಿರಬಹುದು. ಯೀವುನಲ್ಲಿ ಒಂದು ವ್ಯಾಪಾರ ಸಂಸ್ಥೆಯ ಮಾಲೀಕ ಸ್ಥಳೀಯ ವ್ಯಾಪಾರಿಗಳಿಗೆ ಕೊಡಬೇಕಾದ ಬಾಕಿ ತೀರಿಸದೆ ಪರಾರಿಯಾದ. ಅಲ್ಲಿ ದುಡಿಯುತ್ತಿದ್ದ ಇಬ್ಬರು ಭಾರತೀಯರನ್ನು ಹಣಕ್ಕಾಗಿ ಕೂಡಿಹಾಕಲಾಯಿತು. ಕೊನೆಗೆ ಬೀಜಿಂಗ್‌ನಲ್ಲಿರುವ ಭಾರತೀಯ ರಾಯಭಾರ ಕಚೇರಿಯು, ಯೀವುನಲ್ಲಿ ವ್ಯಾಪಾರ ಮಾಡುವ ಬಗ್ಗೆ ಭಾರತದ ವ್ಯಾಪಾರಿಗಳಿಗೆ ಎಚ್ಚರಿಕೆ ಹೊರಡಿಸಬೇಕಾಯಿತು. ಸಾಲ ಮಾಡಿದವನು ಒಬ್ಬ, ಸೆರೆ ಅನುಭವಿಸಿದವರು ಬೇರೆ, ವಿಶ್ವಾಸ ಕಳಕೊಂಡವರು ನೂರಾರು ಮಂದಿ. ನಮ್ಮ ಊರಿನ ಒಬ್ಬ ಯುವಕ ಅಲ್ಲಿ ಸಾಲದ ಮೇಲೆ ಸರಕು ಪಡೆದು ಫೋನ್ ಸಂಖ್ಯೆ ಬದಲಾಯಿಸಿದರೆ, ಮುಂದಿನ ವರ್ಷ ಅದೇ ಗಡ್ಡ, ಅದೇ ಟೋಪಿಯೊಂದಿಗೆ ಹೋಗುವ ಇನ್ನೊಬ್ಬನಿಗೆ ಬಾಗಿಲು ಮುಚ್ಚುತ್ತದೆ.

ಸಾಲ ವ್ಯವಹಾರವನ್ನು ಬರೆದಿಡಬೇಕೆಂದು ಆದೇಶಿಸುವ ಕುರ್‌ಆನಿನ ಅತಿ ದೀರ್ಘ ಸೂಕ್ತದ ಬೆನ್ನಿಗೇ, ಪ್ರಯಾಣದಲ್ಲಿದ್ದು ಬರಹಗಾರ ಸಿಗದಿದ್ದರೆ ಏನು ಮಾಡಬೇಕೆಂಬ ವಿಧಿ ಬಂದಿದೆ. ಅಂದರೆ ಯಾತ್ರೆಯಲ್ಲಿ ಲೆಕ್ಕ ತಪ್ಪುವ ಸಂಭವ ಹೆಚ್ಚೆಂದು ಅಲ್ಲಾಹನು ಮೊದಲೇ ಎಚ್ಚರಿಸಿದ್ದಾನೆ. ಇಂದು ಬರಹಗಾರ ನಮ್ಮ ಜೇಬಿನ ಮೊಬೈಲಿನಲ್ಲಿಯೇ ಇದ್ದಾನೆ. ಬರೆಯದಿರಲು ನಮಗೆ ಯಾವ ನೆಪವಿದೆ?

ಇನ್ನೊಬ್ಬರ ಅನುಭವ ಬೇರೆ ಬಗೆಯದು. ಗ್ವಾಂಗ್‌ಝೌನಲ್ಲಿ ಟ್ಯಾಕ್ಸಿ ಇಳಿಯುವಾಗ ಅವರು ಪಾಸ್‌ಪೋರ್ಟ್ ಮತ್ತು ನಗದಿದ್ದ ಚೀಲವನ್ನು ಹಿಂದಿನ ಸೀಟಿನಲ್ಲಿ ಮರೆತರು. ಎರಡು ಗಂಟೆಯ ಬಳಿಕ ಚಾಲಕ ಹೋಟೆಲನ್ನು ಹುಡುಕಿಕೊಂಡು ಬಂದು ಚೀಲ ಒಪ್ಪಿಸಿದ. ಕೊಡಲು ಹೋದ ಹಣವನ್ನು ಕೈ ಅಡ್ಡ ಮಾಡಿ ನಿರಾಕರಿಸಿದ. ಯಾವ ಧರ್ಮದವನೆಂದು ತಿಳಿಯಲಿಲ್ಲ, ಒಂದು ಮಾತನ್ನೂ ಆಡಲು ಭಾಷೆಯಿರಲಿಲ್ಲ. ಅಮಾನತ್ ಎಂಬುದನ್ನು ನಮ್ಮ ಸಮುದಾಯದ ಸ್ವಂತ ಸೊತ್ತೆಂದು ಭಾವಿಸಿ ಮಾತನಾಡುವವರಿಗೆ ಇಂತಹ ಅನುಭವ ಒಳ್ಳೆಯ ಪಾಠ. ನಮಗೆ ಗ್ರಂಥವಿದೆ, ಪ್ರವಾದಿಯ(ಸ) ಮಾದರಿಯಿದೆ. ಹಾಗಿರುವಾಗ ಅವನಿಗಿಂತ ನಮ್ಮ ಹೊಣೆ ದೊಡ್ಡದು.

ಒಳಿತನ್ನು ಗುರುತಿಸುವ ಕಣ್ಣು ಯಾತ್ರಿಕನಿಗೆ ಇರಬೇಕು. 14ನೇ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂದ ಇಬ್ನ್ ಬತೂತಾ, ಹೊನ್ನಾವರದಲ್ಲಿ ಹೆಣ್ಣುಮಕ್ಕಳ 13 ಮತ್ತು ಗಂಡುಮಕ್ಕಳ 23 ಶಾಲೆಗಳಿದ್ದವೆಂದು ತನ್ನ ಯಾತ್ರಾ ವೃತ್ತಾಂತದಲ್ಲಿ ದಾಖಲಿಸಿದ್ದಾನೆ. ಅಲ್ಲಿನ ಮಹಿಳೆಯರು ಕುರ್‌ಆನ್ ಕಂಠಪಾಠ ಮಾಡಿದ್ದನ್ನೂ ಬರೆದಿದ್ದಾನೆ. ಮೆಣಸಿನ ದರ, ಹಡಗುಗಳ ಸಂಖ್ಯೆ ಕಂಡ ಯಾತ್ರಿಕ ಶಾಲೆಗಳನ್ನೂ ಎಣಿಸಿದ್ದರಿಂದಲೇ ನಮ್ಮ ಹಿರಿಯರ ಬಗ್ಗೆ ಇಂದು ನಮಗೆ ಈ ಅಭಿಮಾನದ ಸಂಗತಿ ದೊರೆತಿದೆ. ನಮ್ಮ ವ್ಯಾಪಾರಿಗಳು ಹೋದ ಊರುಗಳಲ್ಲಿ ಏನನ್ನು ಎಣಿಸಿ ಬರುತ್ತಾರೆ?

ಆರಾಧನೆಯ ವಿಷಯದಲ್ಲಿ ಯಾತ್ರಿಕನಿಗೆ ಶರೀಅತ್ ಸಾಕಷ್ಟು ರಿಯಾಯಿತಿ ನೀಡಿದೆ. ನಾಲ್ಕು ರಕಅತ್‌ಗಳ ನಮಾಝ್ ಎರಡಕ್ಕೆ ಇಳಿಯುತ್ತದೆ, ರಮಝಾನಿನ ಉಪವಾಸವನ್ನು ಮುಂದೂಡಬಹುದು. ಆದರೆ ರಿಯಾಯಿತಿಗೂ ಮಿತಿಯಿದೆ. ಶಾಫಿಈ ಮದ್‌ಹಬ್‌ನ ಪ್ರಕಾರ, ಬಂದ ಮತ್ತು ಹೊರಡುವ ದಿನಗಳನ್ನು ಬಿಟ್ಟು ಒಂದೇ ಊರಲ್ಲಿ ನಾಲ್ಕು ದಿನ ತಂಗುವ ನಿಶ್ಚಯವಿದ್ದರೆ ನಮಾಝ್ ಪೂರ್ತಿ ಮಾಡಬೇಕು. ಹನಫಿ ಮದ್‌ಹಬ್‌ನಲ್ಲಿ ಈ ಮಿತಿ 15 ದಿನ. ಕ್ಯಾಂಟನ್ ಮೇಳದ ಒಂದು ಹಂತವೇ ಐದು ದಿನ ನಡೆಯುತ್ತದೆ. ಅಂದರೆ ಒಂದೇ ಕೋಣೆಯಲ್ಲಿ ತಂಗಿದ ಭಟ್ಕಳದ ಶಾಫಿಈ ವ್ಯಾಪಾರಿ ನಾಲ್ಕು ರಕಅತ್, ಬೆಂಗಳೂರಿನ ಹನಫಿ ವ್ಯಾಪಾರಿ ಎರಡು ರಕಅತ್ ನಿರ್ವಹಿಸುವ ಸಂದರ್ಭ ಬರಬಹುದು. ವೀಸಾದ ನಿಯಮಗಳನ್ನು ಹತ್ತು ಸಲ ವಿಚಾರಿಸುವವರು ಇದನ್ನೂ ಒಮ್ಮೆ ತಮ್ಮ ಊರಿನ ಉಲಮಾಗಳಲ್ಲಿ ವಿಚಾರಿಸಿ ಹೊರಡುವುದು ಲೇಸು.

ಅನ್ನಾಹಾರಕ್ಕೆ ದಾರಿಯಿಲ್ಲವೆಂಬ ದೂರೂ ಅಷ್ಟು ಸರಿಯಲ್ಲ. ಚೀನಾದ ಹುಯಿ ಮುಸ್ಲಿಮರು ನಡೆಸುವ ಹೋಟೆಲುಗಳ ಮೇಲೆ ಸಾಮಾನ್ಯವಾಗಿ ಹಸಿರು ಬಣ್ಣದಲ್ಲಿ ‘ಚಿಂಗ್‌ಜೆನ್’ ಎಂಬ ಫಲಕವಿರುತ್ತದೆ. ಹಲಾಲ್ ಎಂಬುದಕ್ಕೆ ಅಲ್ಲಿನ ಪದ ಅದು. ಗ್ವಾಂಗ್‌ಝೌನ ಹುವಾಯ್‌ಶೆಂಗ್ ಮಸೀದಿಯು ಆ ದೇಶದ ಅತಿ ಪ್ರಾಚೀನ ಮಸೀದಿಗಳಲ್ಲೊಂದು. ಯೀವುನಲ್ಲಿ ಹಳೆಯ ರೇಷ್ಮೆ ಕಾರ್ಖಾನೆಯ ಕಟ್ಟಡ ಮಸೀದಿಯಾಗಿ ಮಾರ್ಪಟ್ಟಿದೆ. ಜುಮಾಕ್ಕೆ ಅಲ್ಲಿ ಅರಬರು, ಆಫ್ರಿಕದವರು, ಮಧ್ಯ ಏಷ್ಯಾದವರು ಸೇರುತ್ತಾರೆ. ಹಿಂದಿನ ದಿನ ದರಕ್ಕಾಗಿ ತಾನು ಗಟ್ಟಿಯಾಗಿ ವಾದಿಸಿದ್ದ ಏಜೆಂಟನೇ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿ ನಿಂತದ್ದನ್ನು ಒಬ್ಬ ಹಳೆಯ ವಿದ್ಯಾರ್ಥಿ ಹೇಳಿದ. ಸಲಾಮ್ ಹೇಳಿ ಬಲಕ್ಕೆ ತಿರುಗಿದಾಗ ಇಬ್ಬರಿಗೂ ನಗು ಬಂತಂತೆ. ಅಂದಿನಿಂದ ಅವರ ಚೌಕಾಸಿಯಲ್ಲಿ ಕೂಗಾಟ ನಿಂತಿತು, ಚೌಕಾಸಿ ಮಾತ್ರ ನಿಲ್ಲಲಿಲ್ಲ.

ಕಷ್ಟವಿರುವುದು ಸಂಜೆಯ ಮೇಲೆ. ಖರೀದಿ ಮುಗಿದಾಗ ಸತ್ಕಾರದ ಊಟ, ಅದರಲ್ಲಿ ಮದ್ಯದ ಲೋಟ, ಅನಂತರ ಮನಸ್ಸನ್ನು ಸೆಳೆಯುವ ಬೇರೆ ಆಮಂತ್ರಣಗಳು. ಮೂವರು ಯಾತ್ರೆ ಹೊರಟರೆ ಒಬ್ಬನನ್ನು ನಾಯಕನನ್ನಾಗಿ ಮಾಡಿಕೊಳ್ಳಿರೆಂದು ಪ್ರವಾದಿವರ್ಯರು(ಸ) ಕಲಿಸಿದ್ದರ ಹಿಂದಿನ ಯುಕ್ತಿ ಇಲ್ಲಿ ಅರ್ಥವಾಗುತ್ತದೆ. ಸಾಧ್ಯವಿದ್ದಷ್ಟು ಯುವಕರನ್ನು ಒಂಟಿಯಾಗಿ ಕಳುಹಿಸದೆ, ದೀನೀ ಪ್ರಜ್ಞೆಯುಳ್ಳ ಅನುಭವಿಯ ಜೊತೆ ಕಳುಹಿಸುವುದು ಹಿರಿಯರ ಹೊಣೆ.

ಕೊನೆಯದಾಗಿ ಮನೆಯ ವಿಷಯ. ಯಾತ್ರೆಯು ಯಾತನೆಯ ಒಂದು ತುಣುಕು, ಅದು ಊಟ, ನೀರು, ನಿದ್ದೆಗಳನ್ನು ಕಸಿಯುತ್ತದೆ, ಆದ್ದರಿಂದ ಉದ್ದೇಶ ಈಡೇರಿದೊಡನೆ ಮನೆಯವರ ಬಳಿಗೆ ಧಾವಿಸಬೇಕೆಂಬುದು ಪ್ರವಾದಿವರ್ಯರ(ಸ) ಉಪದೇಶದ ಸಾರ. ಅವರು ಯಾತ್ರೆಯಿಂದ ಮರಳಿದಾಗ ಮೊದಲು ಮಸೀದಿಯಲ್ಲಿ ಎರಡು ರಕಅತ್ ನಿರ್ವಹಿಸುತ್ತಿದ್ದರು. ದೀರ್ಘ ಕಾಲದ ಬಳಿಕ ಸುಳಿವು ಕೊಡದೆ ರಾತ್ರಿ ಮನೆ ಸೇರುವುದನ್ನು ತಡೆದಿದ್ದರು. ಮನೆಯವಳ ಘನತೆಗೂ ಅನುಕೂಲಕ್ಕೂ ಅಷ್ಟು ಕಾಳಜಿಯಿತ್ತು. ಇಂದು ಕೆಲವರು ವ್ಯವಹಾರ ಮುಗಿದ ಮೇಲೂ ದಿನಗಳನ್ನು ಬೆಳೆಸುತ್ತಾರೆ. ಒಮ್ಮೆ ತರಗತಿಯಲ್ಲಿ ನನ್ನ ತಂದೆ ಎಂಬ ವಿಷಯದ ಮೇಲೆ ಹತ್ತು ವಾಕ್ಯ ಬರೆಯಲು ಹೇಳಿದ್ದೆ. ಆಗಾಗ ಪರದೇಶಕ್ಕೆ ಹೋಗುವ ಒಬ್ಬರ ಮಗ ಬರೆದ ಹತ್ತರಲ್ಲಿ ಏಳು ವಾಕ್ಯಗಳು, ಅಬ್ಬ ತಂದ ವಸ್ತುಗಳ ಪಟ್ಟಿಯಾಗಿದ್ದವು. ಹುಡುಗನ ತಪ್ಪೇನೂ ಇಲ್ಲ. ಮನೆಯಲ್ಲಿ ಸೂಟ್‌ಕೇಸ್ ತೆರೆಯುವ ಹೊತ್ತಿಗೆ ಎಲ್ಲರೂ ಸೇರುತ್ತಾರೆ. ಅದು ಖಾಲಿಯಾದ ಮೇಲೆ ಯಾತ್ರೆಯ ಮಾತು ಮುಗಿಯುತ್ತದೆ.

ಈ ಪದ್ಧತಿಯನ್ನು ಬದಲಿಸಲು ಹಣ ಬೇಕಿಲ್ಲ. ಹೊರಡುವ ಮುನ್ನ ಕೊಡಬೇಕಾದ, ಬರಬೇಕಾದ ಹಣದ ಪಟ್ಟಿಯೊಂದನ್ನು ಬರೆದು ಪತ್ನಿಯ ಕೈಗಿಡಿ. ವಸಿಯ್ಯತ್ ಬರೆದಿಡದೆ ಎರಡು ರಾತ್ರಿ ಕಳೆಯಬಾರದೆಂದು ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳು ನಾವು. ಮರಳಿದ ಮೇಲೆ ಒಂದು ರಾತ್ರಿ ಊಟದ ಬಳಿಕ ಮಕ್ಕಳನ್ನು ಕೂರಿಸಿಕೊಳ್ಳಿ. ಅಲ್ಲಿ ಯಾರ ಒಳ್ಳೆಯತನ ಕಂಡೆನೆಂದು ಹೇಳಿ. ಹರಾಮಿನ ಅವಕಾಶ ಎದುರಾದಾಗ ಹೇಗೆ ಪಾರಾದೆನೆಂದೂ, ಯಾರಿಗೆ ಕೊಟ್ಟ ಮಾತನ್ನು ಇನ್ನೂ ಪೂರೈಸಬೇಕಿದೆಯೆಂದೂ ಹೇಳಿ. ತಾಯಂದಿರು, ಪತ್ನಿಯರು ಇದನ್ನು ಹಕ್ಕಿನಿಂದ ಕೇಳಲಿ. ಖದೀಜಾ(ರ) ಮೈಸರಾರಿಂದ ಕೇಳಿಸಿಕೊಂಡದ್ದು ಇಂತಹ ವರದಿಯನ್ನೇ ಅಲ್ಲವೇ?

ಅಲ್ಲಾಹನು ನಮ್ಮ ವ್ಯಾಪಾರಿ ಸಹೋದರರ ಯಾತ್ರೆಗಳನ್ನು ಸುಗಮಗೊಳಿಸಲಿ, ಅವರ ಸಂಪಾದನೆಯಲ್ಲಿ ಹಲಾಲಿನ ಬರಕತ್ ನೀಡಲಿ, ಅಪರಿಚಿತ ನಾಡಿನಲ್ಲಿಯೂ ಅವರನ್ನು ಅಮಾನತ್‌ನ ಮೇಲೆ ಸ್ಥಿರಗೊಳಿಸಲಿ ಮತ್ತು ಕ್ಷೇಮವಾಗಿ ಮನೆಗೆ ಮರಳಿಸಲಿ. ಆಮೀನ್.