ಸಮಾಜಶಾಸ್ತ್ರದ ಮೊದಲ ಪಾಠ ನಮ್ಮ ಕೇರಿಯಲ್ಲಿದೆ

‘ನಗರೀಕರಣದಿಂದ ಅವಿಭಕ್ತ ಕುಟುಂಬಗಳು ಒಡೆಯುತ್ತಿವೆ.’ ಪ್ರತಿ ಸೆಮಿಸ್ಟರ್ ಮೌಲ್ಯಮಾಪನದಲ್ಲೂ ಈ ವಾಕ್ಯ ನೂರಾರು ಕೈಬರಹಗಳಲ್ಲಿ ನನಗೆ ಎದುರಾಗುತ್ತದೆ. ಗೈಡಿನಲ್ಲಿ ಹಾಗಿದೆ, ಮಕ್ಕಳು ಹಾಗೇ ಬರೆಯುತ್ತಾರೆ, ನಾವು ಅಂಕ ಕೊಡುತ್ತೇವೆ. ಮಂಡ್ಯ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವವಳು ನಾನು. ನಿಮ್ಮದು ಎಂಥ ಕುಟುಂಬವಮ್ಮ ಎಂದು ತರಗತಿಯಲ್ಲಿ ಒಬ್ಬ ಹುಡುಗಿಯನ್ನು ಕೇಳಿದೆ. ‘ವಿಭಕ್ತ ಕುಟುಂಬ ಮೇಡಂ’ ಎಂದಳು. ವಿವರ ಕೇಳುತ್ತ ಹೋದೆ. ಅಪ್ಪನಿಗೂ ಇಬ್ಬರು ಚಿಕ್ಕಪ್ಪಂದಿರಿಗೂ ಒಲೆ ಬೇರೆ, ರೇಷನ್ ಕಾರ್ಡ್ ಬೇರೆ. ಆದರೆ ಕೊಟ್ಟಿಗೆ ಒಂದೇ, ಕೊಳವೆಬಾವಿ ಒಂದೇ, ಪಹಣಿ ಇನ್ನೂ ತಾತನ ಹೆಸರಿನಲ್ಲಿದೆ. ಡೇರಿಯ ಹಾಲಿನ ದುಡ್ಡು ಬೀಳುವುದು ಅಜ್ಜಿಯ ಖಾತೆಗೆ. ಇವಳ ಫೀಸು ಕಟ್ಟಿದ್ದು ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುವ ಕಿರಿಯ ಚಿಕ್ಕಪ್ಪ. ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ 2023ರಲ್ಲಿ ಬಂದ ಮೇಲೆ, ಕಾರ್ಡ್ ಬೇರೆ ಇಟ್ಟುಕೊಳ್ಳಲು ಅವರ ಮನೆಯಲ್ಲಿ ಇನ್ನೊಂದು ಕಾರಣವೂ ಸೇರಿಕೊಂಡಿದೆ.

ಗಣತಿಯ ಲೆಕ್ಕದಲ್ಲಿ ಇವು ಮೂರು ಕುಟುಂಬ. ಅದು ಸುಳ್ಳಲ್ಲ, ಆದರೆ ಅಷ್ಟೇ ನಿಜವೂ ಅಲ್ಲ. ಗುಜರಾತಿನ ಮಹುವಾ ಪಟ್ಟಣದ ಮನೆಗಳನ್ನು ಅಧ್ಯಯನ ಮಾಡಿದ ಐ.ಪಿ. ದೇಸಾಯಿಯವರು 1964ರಲ್ಲೇ ಇದನ್ನು ತೋರಿಸಿಕೊಟ್ಟಿದ್ದರು. ಒಂದೇ ಸೂರು, ಒಂದೇ ಒಲೆ ಇದೆಯೇ ಎಂದಷ್ಟೇ ನೋಡಿದರೆ ಕುಟುಂಬ ತಿಳಿಯುವುದಿಲ್ಲ. ಆಸ್ತಿ ಯಾರದು, ಕಷ್ಟಕ್ಕೆ ಯಾರು ಆಗುತ್ತಾರೆ, ಯಾರ ಮಾತಿಗೆ ಯಾರು ಒಪ್ಪುತ್ತಾರೆ ಎನ್ನುವುದನ್ನೂ ನೋಡಬೇಕು. ನನ್ನ ವಿದ್ಯಾರ್ಥಿನಿಯ ಮನೆಯಲ್ಲಿ ಇವೆಲ್ಲಕ್ಕೂ ಉತ್ತರವಿದೆ. ಆ ಪ್ರಶ್ನೆಗಳನ್ನು ಕೇಳಲು ನಾವು ಅವಳಿಗೆ ಕಲಿಸಿಲ್ಲ.

ಕೋಂತ್, ಡರ್ಖೈಮ್, ವೇಬರ್ ಪಾಠ ಬೇಡ ಎಂದು ನಾನು ಹೇಳುತ್ತಿಲ್ಲ. 1895ರಲ್ಲಿ ಸಮಾಜಶಾಸ್ತ್ರದ ವಿಧಾನದ ಬಗ್ಗೆ ಬರೆದ ಪುಸ್ತಕದಲ್ಲಿ ಡರ್ಖೈಮ್ ಮೊದಲು ವಿಧಿಸಿದ ನಿಯಮಗಳಲ್ಲಿ ಒಂದು, ಮೊದಲೇ ತಲೆಯಲ್ಲಿರುವ ನಂಬಿಕೆಗಳನ್ನು ಪಕ್ಕಕ್ಕಿಟ್ಟು ನೋಡಬೇಕು ಎಂಬುದು. ನಾವು ಆ ನಿಯಮವನ್ನೇ ಬಾಯಿಪಾಠ ಮಾಡಿಸಿ, ಗೈಡಿನ ನಂಬಿಕೆಗಳನ್ನು ತಲೆಗೆ ತುಂಬುತ್ತಿದ್ದೇವೆ. ಇದು ನನಗೆ ನಿಜವಾಗಿ ನೋವಿನ ಸಂಗತಿ.

ಈ ಶಾಸ್ತ್ರದಲ್ಲಿ ಜಗತ್ತೇ ಓದುವ ಕೆಲಸ ನಡೆದದ್ದು ನಮ್ಮ ಸೀಮೆಯಲ್ಲೇ ಎಂಬುದನ್ನು ನೆನೆದರೆ ನೋವು ಇನ್ನೂ ಹೆಚ್ಚುತ್ತದೆ. ಮೈಸೂರಿನಲ್ಲಿ ಹುಟ್ಟಿದ ಎಂ.ಎನ್. ಶ್ರೀನಿವಾಸ್, ಮುಂಬೈಯಲ್ಲಿ ಘುರ್ಯೆಯವರ ಬಳಿ, ಆಮೇಲೆ ಆಕ್ಸ್‌ಫರ್ಡಿನಲ್ಲಿ ಓದಿ, 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋಗಿ ನೆಲೆಸಿದರು. ಪುಸ್ತಕದಲ್ಲಿ ಅದಕ್ಕೆ ‘ರಾಮಪುರ’ ಎಂದು ಹೆಸರಿಟ್ಟರು. ಪುರಾಣ, ಸ್ಮೃತಿಗಳನ್ನು ಓದಿ ಜಾತಿ ಹೀಗೆ ಎಂದು ಹೇಳುವ ಬದಲು, ಊರಿನಲ್ಲಿ ಅದು ದಿನದಿನಕ್ಕೆ ಹೇಗೆ ನಡೆಯುತ್ತದೆ ಎಂದು ಕೂತು ನೋಡಿದರು. ಗ್ರಂಥದ ಪ್ರಕಾರ ಎಲ್ಲರಿಗಿಂತ ಮೇಲಿರಬೇಕಾದವರ ಮಾತು ಊರಿನಲ್ಲಿ ನಡೆಯುತ್ತಿರಲಿಲ್ಲ. ಸಂಖ್ಯೆಯಿದ್ದು ಜಮೀನೂ ಇದ್ದ ಒಕ್ಕಲಿಗರ ಮಾತು ನಡೆಯುತ್ತಿತ್ತು. ‘ಪ್ರಬಲ ಜಾತಿ’ ಎಂದು ಇವತ್ತು ಚುನಾವಣಾ ವಿಶ್ಲೇಷಕರೆಲ್ಲ ಬಳಸುವ ಮಾತಿನ ಹಿಂದೆ ಹೀಗೆ ಕೂತು ನೋಡಿದ ದಿನಗಳಿವೆ.

1970ರಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಅಲ್ಲಿನ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಇಟ್ಟರು. ಕ್ರಮವಾಗಿ ಬರೆದಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳಿಗೆ ಬೆಂಕಿ ತಗುಲಿತು. ನೆನಪನ್ನೇ ನೆಚ್ಚಿ ಬರೆದ ಪುಸ್ತಕ 1976ರಲ್ಲಿ ಬಂತು. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಾನು ವಿದ್ಯಾರ್ಥಿಗಳಿಗೆ ಒತ್ತಿ ಹೇಳುವುದು ಅದೇ ಪುಸ್ತಕದ ಇನ್ನೊಂದು ಸಂಗತಿ. ಬ್ರಾಹ್ಮಣರಾದ ಶ್ರೀನಿವಾಸ್ ಇಳಿದುಕೊಂಡದ್ದು ಊರಿನ ಪಟೇಲರ ಜಾಗದಲ್ಲಿ. ಹಾಗಾಗಿ ದಲಿತರ ಕೇರಿ, ಮುಸ್ಲಿಮರ ಮನೆಗಳು ತಮಗೆ ಅಷ್ಟಾಗಿ ತೆರೆದುಕೊಳ್ಳಲಿಲ್ಲ ಎಂದು ಅವರೇ ಬರೆದಿದ್ದಾರೆ. ಯಾರ ಜಗುಲಿಯ ಮೇಲೆ ಕೂತಿದ್ದೇವೋ ಅಲ್ಲಿಂದ ಕಾಣುವ ಊರೇ ಬೇರೆ.

ಮಂಡ್ಯದವರೇ ಮರೆತ ಇನ್ನೊಂದು ಹೆಸರು ಸ್ಕಾರ್ಲೆಟ್ ಎಪ್ಸ್‌ಟೀನ್. ಆಸ್ಟ್ರಿಯಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ ಈ ಹೆಣ್ಣುಮಗಳು 1954ರಲ್ಲಿ ಬಂದು ನಮ್ಮ ನಾಲೆ ಸೀಮೆಯ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದರು. ಒಂದಕ್ಕೆ ನಾಲೆಯ ನೀರು ಬಂದಿತ್ತು. ಸುತ್ತೆಲ್ಲ ನೀರಿದ್ದರೂ ಇನ್ನೊಂದರ ಜಮೀನಿಗೆ ಬಂದಿರಲಿಲ್ಲ. ನೀರು ಬಂದ ಊರೇ ಹೆಚ್ಚು ಬದಲಾಯಿತು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಕಂಡದ್ದು ಬೇರೆ. ಕಬ್ಬು ಬೆಳೆದ ಊರು ಶ್ರೀಮಂತವಾಯಿತು, ಆದರೆ ಒಡೆಯ-ಆಳು ಸಂಬಂಧ, ವರ್ಷಕ್ಕಿಷ್ಟು ರಾಗಿ, ಇಷ್ಟು ಹುಲ್ಲು ಎಂಬ ಹಳೆಯ ಕಟ್ಟು ಬಹುಮಟ್ಟಿಗೆ ಹಾಗೇ ಉಳಿಯಿತು. ಬೇಸಾಯವೇ ಕೈಹಿಡಿದಿದ್ದರಿಂದ ಅದು ಬದಲಾಗಬೇಕಾದ ಅಗತ್ಯ ಬೀಳಲಿಲ್ಲ. ನೀರಿಲ್ಲದ ಊರಿನವರು ವ್ಯಾಪಾರ, ಗುತ್ತಿಗೆ, ಮಂಡ್ಯದ ಕೆಲಸ ಎಂದು ಹೊರಗೆ ಹೊರಟರು. ಹಳೆಯ ಕಟ್ಟು ಸಡಿಲಿದ್ದು ಅಲ್ಲಿ. 1970ರಲ್ಲಿ ಎಪ್ಸ್‌ಟೀನ್ ಮತ್ತೆ ಬಂದು, ಅದೇ ಊರುಗಳಲ್ಲಿ ಏನಾಗಿದೆ ಎಂದು ನೋಡಿ ಬರೆದರು.

2025ರ ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗಾಗಿ ಶಾಲಾ ಶಿಕ್ಷಕರು 60 ಪ್ರಶ್ನೆಗಳನ್ನು ಮೊಬೈಲಿನಲ್ಲಿ ಹಿಡಿದು ಮನೆಮನೆ ತಿರುಗತೊಡಗಿದರು. ಎಣಿಕೆ ಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಅಂಕಿ ಇಲ್ಲದೆ ಮೀಸಲಾತಿಯ ಮಾತು ಬರೀ ಗದ್ದಲವಾಗುತ್ತದೆ. ಆದರೆ ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆಗೆ ಜನ ಬಾಗಿಲಲ್ಲಿ ಹೇಳಬಹುದಾದ ಉತ್ತರವನ್ನೇ ಕೊಡುತ್ತಾರೆ. ಜಮೀನು ಎಷ್ಟು ಎಂಬುದು ಸಿಗುತ್ತದೆ. ಆ ಜಮೀನಿಗೆ ನೀರು ಬಿಡುವ ಸರದಿಯಲ್ಲಿ ಯಾರು ಯಾವಾಗಲೂ ಕೊನೆ ಎಂಬುದು ಸಿಗುವುದಿಲ್ಲ.

ನಾಲ್ಕು ವರ್ಷದ ಪದವಿ ಬಂತು, ಹೋಯಿತು. ಪಠ್ಯಕ್ರಮ ಮತ್ತೆ ಮತ್ತೆ ಬದಲಾಯಿತು. ನನ್ನ ಬೇಡಿಕೆ ಒಂದೇ. ಮೊದಲ ಸೆಮಿಸ್ಟರ್‌ನಲ್ಲೇ ಪ್ರತಿ ವಿದ್ಯಾರ್ಥಿ ತನ್ನ ಊರಿನ ಒಂದೇ ಒಂದು ಸಂಗತಿಯನ್ನು ತಿಂಗಳುಗಟ್ಟಲೆ ನೋಡಿ ಬರೆಯಲಿ: ಮುಯ್ಯಿ ಆಳಿಗೆ ಯಾರು ಯಾರ ಗದ್ದೆಗೆ ಹೋಗುತ್ತಾರೆ, ಮಾರಮ್ಮನ ಹಬ್ಬದ ವಂತಿಗೆ ಯಾರಿಂದ ಎತ್ತುತ್ತಾರೆ, ಸಂಘದ ಸಾಲದ ಕಂತು ತಪ್ಪಿದಾಗ ಯಾರು ಯಾರ ಮನೆಗೆ ಹೋಗಿ ಕೂರುತ್ತಾರೆ. ಇದು ಹೇಗೆ ಗೊತ್ತಾಯಿತು, ಕಣ್ಣಾರೆ ಕಂಡದ್ದೋ ಕೇಳಿದ್ದೋ ಎಂದು ಪ್ರತಿ ಮಾತಿಗೂ ಬರೆಯಬೇಕು. ರಾಮಪುರದಂತೆ ಊರಿನ, ಜನರ ಹೆಸರು ಮರೆಮಾಡಬೇಕು.

ಶ್ರೀನಿವಾಸರಿಗೆ ಇಲ್ಲದ ಒಂದು ಅನುಕೂಲ ನಮಗಿದೆ. ನಮ್ಮ ಬೆಂಚುಗಳಲ್ಲಿ ಊರಿನ ಎಲ್ಲ ಕೇರಿಗಳ ಮಕ್ಕಳೂ ಇದ್ದಾರೆ. ಗೌಡರ ಬೀದಿಯ ಹುಡುಗನೂ ಕಾಲೋನಿಯ ಹುಡುಗಿಯೂ ಒಂದೇ ಹಬ್ಬದ ಬಗ್ಗೆ ಬೇರೆ ಬೇರೆ ಬರೆದು, ಪುಟ ಅದಲುಬದಲು ಮಾಡಿ ಓದಿಕೊಂಡರೆ ಎರಡು ಹಬ್ಬ ಕಾಣುತ್ತವೆ. ಅದು ತರಗತಿಯಲ್ಲಿ ಬಿಸಿಯೇರಿಸಬಹುದು. ಶಿಕ್ಷಕರು ಅಲ್ಲಿ ಎಚ್ಚರದಿಂದ ನಿಲ್ಲಬೇಕಾಗುತ್ತದೆ.

ಜೆರಾಕ್ಸ್ ಅಂಗಡಿಯಿಂದ ಪ್ರಾಜೆಕ್ಟ್ ಖರೀದಿಸಿ ತರುತ್ತಾರೆ ಎಂಬ ಆಕ್ಷೇಪ ಬರುತ್ತದೆ, ಆ ಭಯ ಸರಿಯಾದದ್ದೇ. ಅದಕ್ಕೇ ಬೇರೆ ಕಾಲೇಜಿನ ಅಧ್ಯಾಪಕರು ಬಂದು ವಿದ್ಯಾರ್ಥಿಯ ದಿನಚರಿ ಟಿಪ್ಪಣಿಯನ್ನು ಮುಂದಿಟ್ಟುಕೊಂಡು ಕಾಲು ಗಂಟೆ ಮಾತಾಡಿಸಲಿ, ಇದಕ್ಕೆ ಲಿಖಿತ ಪರೀಕ್ಷೆಯ ಅರ್ಧದಷ್ಟಾದರೂ ಅಂಕ ಇರಲಿ. ತಾನೇ ಕೂತು ನೋಡದವರು ಎರಡನೆಯ ಪ್ರಶ್ನೆಗೇ ತಡವರಿಸುತ್ತಾರೆ.